ಇಡ್ಲಿ ತಟ್ಟೆಯ ನಾಲ್ಕು ಗುಳಿಗಳು

ಮೊನ್ನೆ ಬ್ಯಾಂಕಿನಲ್ಲಿ ಚಲನ್ ತುಂಬಲೆಂದು ಕನ್ನಡಕದ ಡಬ್ಬಿ ತೆರೆದಾಗ ಅದರೊಳಗಿಂದ ಒಂದು ರಾಜ್ಮಾ ಕಾಳು ಉರುಳಿ ಕೌಂಟರಿನ ಮೇಲೆ ಬಿದ್ದಿತು. ಕೌಂಟರಿನಲ್ಲಿದ್ದ ಹುಡುಗಿ ಮೊದಲು ಕಾಳನ್ನೂ ಆಮೇಲೆ ನನ್ನನ್ನೂ ನೋಡಿ, ಏನನ್ನೂ ಕೇಳದೆ ಪಾಸ್‌ಬುಕ್ಕನ್ನು ಹಿಂದಿರುಗಿಸಿದಳು. ಎರಡೂವರೆ ವರ್ಷದ ಮಗುವಿರುವ ಮನೆಯವಳಾಗಿದ್ದರೆ ಅವಳಿಗೆ ವಿವರಣೆ ಬೇಕಾಗಿರಲಿಲ್ಲ. ಅಲ್ಲದಿದ್ದರೆ ಎಷ್ಟು ವಿವರಿಸಿದರೂ ಪ್ರಯೋಜನವಿರಲಿಲ್ಲ. ಕಾಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಕಳೆದ ಧನುರ್ಮಾಸದಿಂದ ಈಚೆಗೆ ಇರಬಾರದ ಜಾಗಗಳಲ್ಲಿ ನನಗೆ ಸಿಕ್ಕಿರುವ ಹನ್ನೊಂದನೆಯ ಕಾಳು ಇದು.

ಮಗಳಿಗೆ ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಅನುಕೂಲವಿರುವುದರಿಂದ ಅವಳು ಮಗುವಿನೊಂದಿಗೆ ಮೈಸೂರಿನ ನಮ್ಮ ಮನೆಗೆ ಬಂದು ಕೆಲವು ತಿಂಗಳಾಯಿತು. ಬಂದ ವಾರದಲ್ಲೇ ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ, ಹಾಲಿನ ಲೆಕ್ಕದ ಚೀಟಿಯಿದ್ದ ಜಾಗದಲ್ಲಿ, ಒಂದು ವೇಳಾಪಟ್ಟಿ ಅಂಟಿಕೊಂಡಿತು. ಸೋಮವಾರ ಸುರಿಯುವುದು, ಮಂಗಳವಾರ ಅಂಟಿಸುವುದು, ಬುಧವಾರ ವಿಂಗಡಿಸುವುದು, ಗುರುವಾರ ಹಿಟ್ಟು ನಾದುವುದು, ಶುಕ್ರವಾರ ಬಣ್ಣ. ಸುರಿಯುವ ಕೆಲಸವನ್ನು ಪುಟ್ಟ ಯಾವ ಪಟ್ಟಿಯ ಹಂಗೂ ಇಲ್ಲದೆ ವಾರದ ಏಳು ದಿನವೂ ಮಾಡುತ್ತಾನಲ್ಲ ಎಂದು ನಾನು ಹೇಳಿದ್ದಕ್ಕೆ ಮಗಳು, "ಅಪ್ಪಾ, ಅದು ಚೆಲ್ಲುವುದು. ಇದು ಸುರಿಯುವುದು. ಎರಡೂ ಬೇರೆ" ಎಂದಳು. ನಾನು ಗಮನಿಸಿದ ಮಟ್ಟಿಗೆ, ಮೊದಲನೆಯದನ್ನು ಮಾಡಿದಾಗ ಮಗುವನ್ನು ಗದರುತ್ತಾರೆ, ಎರಡನೆಯದನ್ನು ಮಾಡಿದಾಗ ಫೋಟೋ ತೆಗೆಯುತ್ತಾರೆ; ನೆಲ ಒರೆಸುವವರು ಮಾತ್ರ ಎರಡು ಸಲವೂ ಒಬ್ಬರೇ.

ತಿಂಡಿಗೂ ಇದೇ ಕಟ್ಟುನಿಟ್ಟು. ಎರಡು ವರ್ಷ ತುಂಬುವವರೆಗೆ ಮಗುವಿಗೆ ಸಕ್ಕರೆ ಬೇಡವೆಂದು ವೈದ್ಯರು ಹೇಳಿದ್ದನ್ನು ಮಗಳು ಚಾಚೂ ತಪ್ಪದೆ ಪಾಲಿಸಿದಳು, ಅದು ಸರಿಯೇ. ಆದರೆ ಎರಡು ತುಂಬಿ ಆರು ತಿಂಗಳಾದ ಮೇಲೂ ಅವನಿಗೆ ವಿಶೇಷದ ತಿಂಡಿಯೆಂದರೆ ನಕ್ಷತ್ರದ ಆಕಾರದಲ್ಲಿ ಕತ್ತರಿಸಿದ ಸೌತೆಕಾಯಿ ಅಥವಾ ಬೆಕ್ಕಿನ ಮುಖದಂತೆ ಹುಯ್ದ ರಾಗಿ ದೋಸೆ. ಪುಟ್ಟ ಬೆಕ್ಕಿನ ಎರಡು ಕಿವಿಗಳನ್ನು ತಿಂದು ಎದ್ದು ಹೋಗುತ್ತಾನೆ. ಕಿವಿಯಿಲ್ಲದ ಬೆಕ್ಕೂ ನಕ್ಷತ್ರ ತೆಗೆದ ಮೇಲೆ ಉಳಿದ ಸೌತೆಕಾಯಿಯ ಅಂಚುಗಳೂ ನನ್ನ ಪಾಲು. ನಾನು ಬಡಿಸಿದ್ದನ್ನು ದೂರುವವನಲ್ಲ, ಆದರೂ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಇಡೀ ದೋಸೆಯನ್ನು ನಿರೀಕ್ಷಿಸುವುದು ದುರಾಸೆಯಲ್ಲವೆಂದು ಭಾವಿಸಿದ್ದೇನೆ.

ಇದೆಲ್ಲ ಮಾಂಟೆಸ್ಸರಿಯವರು ತೋರಿಸಿದ ದಾರಿಯೆಂದು ಮಗಳು ಹೇಳುತ್ತಾಳೆ. ಆ ತಾಯಿಯ ಮೇಲೆ ನನಗೆ ಗೌರವವಿದೆ. 1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಶಾಲೆ ತೆರೆದು, ನೀರು ಸುರಿಯುವುದು, ಗುಂಡಿ ಹಾಕುವುದು, ಕಾಳು ಬೇರ್ಪಡಿಸುವುದು ಮುಂತಾದ ಮನೆಗೆಲಸವನ್ನೇ ಪಾಠವಾಗಿಸಿದವರು ಅವರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಮಹಾಯುದ್ಧದ ಕಾರಣದಿಂದ ಹಿಂದಿರುಗಲಾಗದೆ ಕೊಡೈಕನಾಲಿನಲ್ಲೂ ಕೆಲವು ವರ್ಷ ಕಳೆದರು. ಅವರ ಪದ್ಧತಿಯಲ್ಲಿ ಒಂದು ನಿಯಮವಿದೆಯಂತೆ: ಕೆಲಸ ಮುಗಿದ ಮೇಲೆ ಮಗು ತಾನೇ ಪ್ರತಿಯೊಂದು ವಸ್ತುವನ್ನೂ ಅದರದರ ಜಾಗದಲ್ಲಿಡಬೇಕು. ನಮ್ಮ ಮನೆಯಲ್ಲಿ ಉಳಿದ ನಿಯಮಗಳೆಲ್ಲ ಮಗುವಿಗೆ, ಇದೊಂದು ಮಾತ್ರ ನನಗೆ.

ನಿಜ ಹೇಳುವುದಾದರೆ, ಮಕ್ಕಳ ಕಲಿಕೆಯ ಬಗ್ಗೆ ನನಗೆ ಹೊಳೆದ ಒಂದು ವಿಚಾರವನ್ನು ಬರೆಯಬೇಕೆಂದೇ ಕುಳಿತವನು ನಾನು. ಅದಕ್ಕೆ ಮುಂಚೆ ಆ ಬುಧವಾರದ ವಿಷಯವನ್ನು ಹೇಳಿ ಮುಗಿಸಬೇಕು.

ಆ ಬುಧವಾರ ಮಗಳು ಪುಟ್ಟನಿಗೆ ಸ್ನಾನ ಮಾಡಿಸುತ್ತಿದ್ದ ನೀಲಿ ಟಬ್ಬನ್ನು ತೊಳೆದು ಒರೆಸಿ, ಅದರೊಳಕ್ಕೆ ಹೆಸರುಕಾಳು, ಕಡಲೆಕಾಳು, ಅಲಸಂದೆ, ರಾಜ್ಮಾ, ತಲಾ ಅರ್ಧ ಕಿಲೋದಂತೆ ಸುರಿದು, ಎರಡೂ ಕೈಯಿಂದ ಚೆನ್ನಾಗಿ ಕಲೆಸಿದಳು. ಒಂದೊಂದು ಹಿಡಿ ಸಾಲದೇ ಎಂದರೆ, ಮೊಬೈಲಿನಲ್ಲಿ ಅವಳು ನೋಡಿದ ಟಬ್ಬು ತುಂಬಿತ್ತಂತೆ. ನಾಲ್ಕು ಗುಳಿಯ ಇಡ್ಲಿ ತಟ್ಟೆಯೊಂದನ್ನು ಪಕ್ಕದಲ್ಲಿಟ್ಟು, ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಮಾದರಿ ಕಾಳನ್ನಿರಿಸಿ, ಮಗುವನ್ನು ಎದುರಿಗೆ ಕೂರಿಸಿದಳು. ಯಾರೂ ಮಾತನಾಡಕೂಡದೆಂದು ನಮಗೆ ಅಪ್ಪಣೆಯಾಯಿತು. ಪುಟ್ಟ ಬಹಳ ಗಂಭೀರವಾಗಿ ಒಂದು ರಾಜ್ಮಾ ತೆಗೆದು ರಾಜ್ಮಾದ ಗುಳಿಗೆ ಹಾಕಿದ. ಮಗಳ ಕಣ್ಣಲ್ಲಿ ನೀರಾಡಿತು. ಎರಡನೆಯದಾಗಿ ಒಂದು ಅಲಸಂದೆಯನ್ನು ಕಡಲೆಯ ಗುಳಿಗೆ ಹಾಕಿದ. ಮೂರನೆಯದಾಗಿ ಒಂದು ಹೆಸರುಕಾಳನ್ನು ತೆಗೆದು ತನ್ನ ಎಡಮೂಗಿನ ಹೊಳ್ಳೆಗೆ ಹಾಕಿದ.

ಮುಂದಿನ ಅರ್ಧ ಗಂಟೆಯನ್ನು ವಿಸ್ತರಿಸುವುದಿಲ್ಲ. ಬಡಾವಣೆಯ ವೈದ್ಯರು ಟಾರ್ಚ್ ಹಾಕಿ ನೋಡಿ, ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಖಾಲಿಯಿದ್ದ ಹೊಳ್ಳೆಯನ್ನು ತಮ್ಮ ಬೆರಳಿಂದ ಒತ್ತಿ ಮುಚ್ಚಿ, ಮಗುವಿನ ಬಾಯಿಗೆ ಬಾಯಿಟ್ಟು ಒಮ್ಮೆ ಜೋರಾಗಿ ಊದಲು ಮಗಳಿಗೆ ಹೇಳಿದರು. ಎರಡನೆಯ ಊದಿಗೆ ಕಾಳು ಅವರ ಚೀಟಿಯ ಪುಸ್ತಕದ ಮೇಲೆ ಬಿದ್ದಿತು. ಮನೆಯಲ್ಲಿ ಕಡ್ಡಿ, ಚಿಮುಟ ಹಾಕಿ ಕೆದಕಿದ್ದರೆ ಇನ್ನೂ ಒಳಕ್ಕೆ ಹೋಗುತ್ತಿತ್ತೆಂದೂ, ತಡವಾದರೆ ಕಾಳು ಒದ್ದೆಯಾಗಿ ಊದಿಕೊಳ್ಳುತ್ತಿತ್ತೆಂದೂ, ಹಸಿ ರಾಜ್ಮಾ ಅಗಿದರಂತೂ ವಾಂತಿಯಾಗುತ್ತದೆಂದೂ ಹೇಳಿ ಕಳಿಸಿದರು. ನನಗೆ ಒಳಗೊಳಗೇ ಬೇಸರವಾದದ್ದು ಬೇರೊಂದು ಕಾರಣಕ್ಕೆ. ದಸರೆಯಲ್ಲಿ ನಾನು ಚನ್ನಪಟ್ಟಣದಿಂದ ಆಲೆ ಮರದ, ಅರಗಿನ ಬಣ್ಣದ ಆಟಿಕೆ ತಂದಾಗ ಇದೇ ಮಗಳು ಅದರ ಒಂದೊಂದು ಚಕ್ರವನ್ನೂ 31.7 ಮಿಲಿಮೀಟರ್ ಅಗಲದ ಕೊಳವೆಯೊಂದಕ್ಕೆ ಹಾಕಿ ನೋಡಿದ್ದಳು. ಅದರೊಳಕ್ಕೆ ಪೂರ್ತಿ ಇಳಿದು ಕೂರುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದಂತೆ. ಆಟಿಕೆ ತೇರ್ಗಡೆಯಾಯಿತು. ಎರಡು ಕಿಲೋ ಕಾಳಿಗೆ ಪರೀಕ್ಷೆಯೇ ನಡೆಯಲಿಲ್ಲ.

ಟಬ್ಬು ನನ್ನ ಕೋಣೆಗೆ ಬಂದಿತು. ಒಟ್ಟಿಗೆ ಬೇಯಿಸಿಬಿಡಿ ಎಂದರೆ, ರಾಜ್ಮಾ ಬೇಯುವಷ್ಟರಲ್ಲಿ ಹೆಸರುಕಾಳು ಕರಗಿ ಅಂಬಲಿಯಾಗುತ್ತದೆಂದು ಹೆಂಡತಿ ಹೇಳಿದಳು. ಚೆಲ್ಲುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. "ಹೇಗೂ ನಿಮ್ಮದೇ ಕೆಲಸವಲ್ಲವೇ ಅದು" ಎಂದು ಅವಳು ಸೇರಿಸಿದ್ದು ನನ್ನನ್ನು ಕೆಣಕಿತು.

ಅವಳ ಮಾತಿನಲ್ಲಿ ಸತ್ಯಾಂಶವಿತ್ತು. 1980ರಿಂದ ಮೂವತ್ತನಾಲ್ಕು ವರ್ಷ ನಾನು ರೈಲ್ವೆ ಮೇಲ್ ಸರ್ವಿಸ್ಸಿನಲ್ಲಿ, ಎಂದರೆ ಆರ್.ಎಂ.ಎಸ್.ನಲ್ಲಿ, ಕಾಗದ ವಿಂಗಡಿಸಿದವನು. ಮೊದಲ ವರ್ಷಗಳಲ್ಲಿ ರಾತ್ರಿ ಗಾಡಿಯ ಅಂಚೆ ಬೋಗಿಯಲ್ಲಿ, ಪಾರಿವಾಳದ ಗೂಡಿನಂಥ ಖಾನೆಗಳ ಎದುರು, ಗಾಡಿ ಓಲಾಡಿದಂತೆ ನಾನೂ ಓಲಾಡುತ್ತ ನಿಂತು, ತಿಪಟೂರು ಬರುವುದರೊಳಗೆ ತಿಪಟೂರಿನ ಕಟ್ಟು, ಅರಸೀಕೆರೆ ಬರುವುದರೊಳಗೆ ಅರಸೀಕೆರೆಯ ಕಟ್ಟು, ಮುಂದೆ ಬೀರೂರು, ದಾವಣಗೆರೆ, ಹಾವೇರಿ, ಹೀಗೆ ಹುಬ್ಬಳ್ಳಿಯವರೆಗೆ. ಪಿನ್‌ಕೋಡು 1972ರ ಆಗಸ್ಟ್ 15ರಂದೇ ಜಾರಿಗೆ ಬಂದಿದ್ದರೂ ಆ ಆರು ಅಂಕಿಗಳನ್ನು ಬರೆಯುವುದು ಲಕೋಟೆಗೆ ಮೈಲಿಗೆಯೆಂದು ಜನ ಎಣಿಸಿದ್ದ ಕಾಲ. "ಹೊಸಹಳ್ಳಿ ಅಂಚೆ" ಎಂದಷ್ಟೇ ಬರೆದ ಕಾಗದ ಬರುತ್ತಿತ್ತು. ಈ ನಾಡಿನಲ್ಲಿ ಹೊಸಹಳ್ಳಿಯಿಲ್ಲದ ತಾಲ್ಲೂಕನ್ನು ಹುಡುಕುವುದೇ ಕಷ್ಟ. ಕಳಿಸಿದ ಊರಿನ ಮೊಹರನ್ನೂ ಕೈಬರಹವನ್ನೂ ನೋಡಿ, ಹೆಣ್ಣು ಕೊಟ್ಟ ಊರಿಗೆ ತವರಿನವರು ಬರೆದದ್ದಿರಬೇಕೆಂದು ಊಹಿಸಿ ಖಾನೆಗೆ ಹಾಕಿದ್ದೂ ಉಂಟು. ಅವುಗಳಲ್ಲಿ ಎಷ್ಟು ಸರಿಯಾಗಿ ತಲುಪಿದುವೋ, ಯಾವ ಮಗಳು ಯಾರ ತಾಯಿಯ ಕಾಗದವನ್ನು ಓದಿ ಅತ್ತಳೋ ತಿಳಿಯದು.

ಹೀಗಾಗಿ ನಾನು ಇಡ್ಲಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುಳಿತಾಗ ಕೈಗೆ ತಾನಾಗಿಯೇ ಹಳೆಯ ಲಯ ಬಂದಿತು. ಹೆಸರುಕಾಳು ತಿಪಟೂರು, ಕಡಲೆ ಅರಸೀಕೆರೆ, ಅಲಸಂದೆ ದಾವಣಗೆರೆ, ರಾಜ್ಮಾ ಹುಬ್ಬಳ್ಳಿ. ಮುರಿದ ಕಾಳು, ಸಿಪ್ಪೆ ಹೋಗಿ ಗುರುತು ಸಿಗದ ಕಾಳು, ಹುಳು ಕೊರೆದ ಕಾಳು, ಇವುಗಳಿಗೆಂದು ಒಂದು ಲೋಟವನ್ನು ಪ್ರತ್ಯೇಕವಾಗಿಟ್ಟೆ; ವಿಳಾಸದಾರರು ಸಿಗದ ಕಾಗದಗಳು ಹೋಗುವ ಕಚೇರಿಯೊಂದಿತ್ತಲ್ಲ, ಅದರ ಲೆಕ್ಕದಲ್ಲಿ. ಮೊದಲ ಸಂಜೆ ಕುತೂಹಲಕ್ಕೆ ನೂರು ಹೆಸರುಕಾಳನ್ನು ಎಣಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ನಾಲ್ಕು ಗ್ರಾಂ ತೋರಿಸಿತು. ಎಂದರೆ ಅರ್ಧ ಕಿಲೋದಲ್ಲಿ 12,500 ಕಾಳುಗಳು, ಹೆಸರು ಒಂದರಲ್ಲೇ. ಈ ಲೆಕ್ಕ ಮಾಡದಿದ್ದರೆ ಚೆನ್ನಾಗಿತ್ತು. ಎರಡನೆಯ ಸಂಜೆ ಕತ್ತು ಹಿಡಿದುಕೊಂಡಿತು. ನಡುನಡುವೆ ಪುಟ್ಟ ಬಾಗಿಲಲ್ಲಿ ನಿಂತು, "ತಾತ ಆಟ" ಎಂದು ತನ್ನ ತಾಯಿಗೆ ವರದಿ ಮಾಡಿ ಹೋಗುತ್ತಿದ್ದ. ಒಳಕ್ಕೆ ಅವನಿಗೆ ಪ್ರವೇಶವಿರಲಿಲ್ಲ. ಮೂರನೆಯ ಸಂಜೆ, ಹೆಸರುಕಾಳು ಬಹುಪಾಲು ಮುಗಿದು ನಾನು ಕೈಕೊಡವಿಕೊಳ್ಳುತ್ತಿದ್ದಾಗ, ಹೆಂಡತಿ ಕಾಫಿ ತಂದಿಟ್ಟು ಟಬ್ಬನ್ನು ಇಣುಕಿ, "ಅಲ್ಲಾ ರೀ, ಮೊದಲು ಒಮ್ಮೆ ಜರಡಿ ಹಿಡಿದಿದ್ದರೆ ಹೆಸರುಕಾಳೆಲ್ಲ ತಾನಾಗಿಯೇ ಕೆಳಗೆ ಬೀಳುತ್ತಿತ್ತಲ್ಲ" ಎಂದಳು.

ಅವಳಿಗೆ ಇದು ಮೊದಲ ದಿನವೇ ಹೊಳೆದಿತ್ತೆಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ನಾನು ಮೂರು ಸಂಜೆ ಅಡುಗೆಮನೆಯ ಹತ್ತಿರ ಸುಳಿಯದೆ ಒಂದು ಕಡೆ ಕುಳಿತಿದ್ದದ್ದು ಅವಳಿಗೆ ಅನುಕೂಲವಾಗಿತ್ತು. ಮಗುವನ್ನು ಸುಮ್ಮನಿರಿಸುವುದಕ್ಕೇ ಮಾಡಿದ ಉಪಾಯ ಮಗುವಿನ ಮೇಲೆ ಫಲಿಸದೆ ನನ್ನ ಮೇಲೆ ಫಲಿಸಿತು.

ಅದೇ ವಾರ ಅವಳು ತನ್ನದೊಂದು ಪಾಠವನ್ನು ನಡೆಸಿದಳು, ಯಾವ ಪಟ್ಟಿಯಲ್ಲೂ ಬರೆಯದೆ. ಅವರೆಕಾಯಿಯ ಕಾಲವಾದ್ದರಿಂದ ಹಿದುಕಿದ ಬೇಳೆಗೆಂದು ನೆನೆಹಾಕಿದ ಕಾಳಿನ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಪುಟ್ಟನನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಒಂದೊಂದೇ ಕಾಳನ್ನು ಅವನ ಕೈಗಿತ್ತಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಹಾರುತ್ತದೆ. ಮೊದಲ ಬೇಳೆ ದೇವರ ಮನೆಯ ಹೊಸ್ತಿಲಿಗೆ ಬಿದ್ದಿತು. ಮಗು ನಕ್ಕ ನಗುವಿಗೆ ಪಕ್ಕದ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಮಗಳು ಕಿವಿಯ ಯಂತ್ರ ಕಿತ್ತಿಟ್ಟು ಓಡಿಬಂದಳು. ಬೆರಳಿನ ಬಿಗಿತಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲವೆಂದು ಅವಳೇ ಒಪ್ಪಿಕೊಂಡು, ಮಾರನೆಯ ದಿನ ಅದನ್ನು ಗುರುವಾರದ ಖಾನೆಯಲ್ಲಿ ಬರೆದಿದ್ದರಿಂದ, ಆ ಗುರುವಾರ ಪುಟ್ಟ ಅವರೆಕಾಳನ್ನು ಮುಟ್ಟಲಿಲ್ಲ. ಹಾರಿದ ಬೇಳೆಗಳನ್ನು ಸೋಫಾದ ಅಡಿಯಿಂದ ತೆಗೆದವರು ಯಾರೆಂದು ಹೇಳಬೇಕಾಗಿಲ್ಲ.

ಸಂಕ್ರಾಂತಿಯ ಹಿಂದಿನ ಸಂಜೆ ಎಳ್ಳು ಬೆರೆಸಿದ್ದಾಯಿತು. ಸಣ್ಣಗೆ ಹೆಚ್ಚಿದ ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಬೀಜ, ಎಳ್ಳು. ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುವಾದ್ದರಿಂದ ಮಗುವಿನ ಪಾಲಿನಿಂದ ಅದನ್ನು ಆರಿಸಿ ತೆಗೆಯಬೇಕೆಂದು ಮಗಳು ನನ್ನ ಕಡೆ ನೋಡಿದಳು. ನಾನು 2014ರಲ್ಲೇ ನಿವೃತ್ತನಾಗಿದ್ದೇನೆಂದು ತಿಳಿಸಿದೆ. ಅವಳು ಫೋನು ಬಂದದ್ದರಿಂದ ಎದ್ದು ಹೋದಳು. ಡಬ್ಬದ ಪಕ್ಕದಲ್ಲಿ ನಾನು ಮತ್ತು ಪುಟ್ಟ ಇಬ್ಬರೇ ಉಳಿದೆವು. ಅವನ ಕೈ ಕಡಲೆಬೀಜದತ್ತ ಹೋದರೆ ಹಿಡಿಯಬೇಕೆಂದು ಪೇಪರನ್ನು ಮಡಿಸಿಟ್ಟು ಕಣ್ಣಿಟ್ಟು ಕುಳಿತಿದ್ದೆ. ಕೈ ಆ ಕಡೆ ಹೋಗಲೇ ಇಲ್ಲ. ನಾಲ್ಕು ಜಾತಿಯ ಕಾಳಿನಲ್ಲಿ ಅಲಸಂದೆಗೂ ಕಡಲೆಗೂ ವ್ಯತ್ಯಾಸ ಕಾಣದಿದ್ದ ಆ ಮಗು, ಕೊಬ್ಬರಿಯ ಚೂರಿಗೂ ಹುರಿಗಡಲೆಗೂ ನಡುವೆ ಅಡಗಿದ್ದ ಬೆಲ್ಲದ ಒಂದೊಂದು ತುಣುಕನ್ನೂ ಎರಡೇ ಬೆರಳಿನಲ್ಲಿ, ಎಳ್ಳು ಅಂಟಿದ್ದರೆ ಅದನ್ನೂ ಒರೆಸಿ, ಎಬ್ಬಿಸಿ ತೆಗೆಯುತ್ತಿತ್ತು. ಮೊದಲಿನ ಐದಾರು ತುಣುಕು ಬಾಯಿಗೆ ಹೋದವು. ಆಮೇಲಿನವನ್ನು ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು, ಗುಳಿಯ ಮೇಲೆ ಗುಳಿಯಾಗಿ ತುಂಬಿತು. ಅರ್ಧ ಗಂಟೆ ಕೂತಲ್ಲಿಂದ ಕದಲಲಿಲ್ಲ, ಆರ್.ಎಂ.ಎಸ್.ನಲ್ಲಿ ಇಂಥ ಏಕಾಗ್ರತೆಯ ಸಹೋದ್ಯೋಗಿಗಳನ್ನು ನಾನು ಇಬ್ಬರನ್ನೋ ಮೂವರನ್ನೋ ಕಂಡಿರಬಹುದು. ತಡೆಯಬೇಕಾಗಿತ್ತು, ತಡೆಯಲಿಲ್ಲ. ಕೆಲಸದಲ್ಲಿ ತೊಡಗಿದ ಮಗುವನ್ನು ದೊಡ್ಡವರು ಮಾತನಾಡಿಸಬಾರದೆಂದು ನನಗೇ ಪಾಠ ಹೇಳಿದ್ದರಲ್ಲ. ಅಷ್ಟೇ ಅಲ್ಲದೆ, ನಾಲ್ಕನೆಯ ಗುಳಿಯಿಂದ ಅವನು ನನಗೂ ಎರಡು ತುಣುಕು ಕೊಟ್ಟಿದ್ದ.

ಮರುದಿನ ಹೊಸ ಬಟ್ಟೆ ತೊಡಿಸಿ, ಹೆಂಡತಿಯೂ ಮಗಳೂ ಅವನನ್ನು ಕರೆದುಕೊಂಡು ಎಳ್ಳು ಬೀರಲು ಹೊರಟರು; ಡಬ್ಬ ಹೊತ್ತುಕೊಂಡು ನಾನು ಹಿಂದೆ. ಎದುರು ಮನೆಯ ಹಿರಿಯಾಕೆ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬೆರಳಿನಿಂದ ಕೆದಕಿ ನೋಡಿ, "ಏನಮ್ಮ, ಈ ಸಲ ಬೆಲ್ಲ ಅಷ್ಟು ತುಟ್ಟಿಯೇ?" ಎಂದು ಕೇಳಿದರು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕಾದ ದಿನ. ಹೆಂಡತಿ ಕ್ಷಣಮಾತ್ರವೂ ತಡವರಿಸದೆ ನನ್ನ ಕಡೆ ತಿರುಗಿ, "ಇವರಿಗೆ ಸಕ್ಕರೆ ಕಾಯಿಲೆ ಅಂತ ಕಡಿಮೆ ಹಾಕಿದೆವು" ಎಂದಳು.

ನನಗೆ ಸಕ್ಕರೆ ಕಾಯಿಲೆ ಇಲ್ಲ.