ಕಿತ್ತಳೆ ವಾಸನೆ ಬಂದರೆ ಫ್ಯಾನ್ ಆಫ್ ಮಾಡಬೇಕಾ?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಪರಿಚಯದವರ ಲ್ಯಾಬಿಗೆ ಹೋಗಿದ್ದೆ. ಹೊಸದು, ಚಿಕ್ಕದು, ಬಯಾಪ್ಸಿ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಗಾಜಿನ ಸ್ಲೈಡ್ ಮಾಡುತ್ತಾರೆ. ಬಾಗಿಲು ತೆಗೆದ ಕೂಡಲೇ ಘಮ್ ಅಂತ ಕಿತ್ತಳೆ ವಾಸನೆ. ಕಿಟಕಿ ಮುಚ್ಚಿದೆ, ಎಸಿ ಓಡುತ್ತಿದೆ, ಎಕ್ಸಾಸ್ಟ್ ಫ್ಯಾನ್ ಆಫ್. ಒಬ್ಬ ಹುಡುಗಿ ಬರಿಗೈಯಲ್ಲಿ ಸ್ಲೈಡ್‌ಗಳನ್ನು ಎತ್ತುತ್ತಿದ್ದಾಳೆ. ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿದೆ. ಗ್ಲೌಸ್ ಎಲ್ಲಮ್ಮಾ ಅಂದೆ. "ಮೇಡಂ, ಇದು ಝೈಲೀನ್ ಅಲ್ಲ, ಕಿತ್ತಳೆ ಎಣ್ಣೆ. ನ್ಯಾಚುರಲ್. ಏನೂ ಆಗಲ್ಲ" ಅಂದಳು. ಝೈಲೀನ್ ಅಂದರೆ ಈ ಕೆಲಸಕ್ಕೆ ಮೊದಲಿನಿಂದ ಬಳಸುವ ದ್ರಾವಕ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಹಾಗೆ ಹೇಳಿಕೊಟ್ಟವರ ಮೇಲೆ ಸಿಟ್ಟು.

ನಾನು 18 ವರ್ಷದಿಂದ ಇದೇ ಕೆಲಸದಲ್ಲಿರುವುದು ನಿಮಗೆಲ್ಲ ಗೊತ್ತು. ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬಯಾಪ್ಸಿ ತುಂಡಿನ ನೀರನ್ನು ಮೊದಲು ಆಲ್ಕೋಹಾಲ್‌ನಿಂದ ತೆಗೆಯುತ್ತೇವೆ. ಆಮೇಲೆ ಅದರೊಳಗೆ ಮೇಣ ಇಳಿಯಬೇಕು. ಆಲ್ಕೋಹಾಲ್‌ಗೂ ಮೇಣಕ್ಕೂ ಆಗಿಬರುವುದಿಲ್ಲ. ಎರಡರ ಜೊತೆಗೂ ಬೆರೆಯುವ ಒಂದು ದ್ರವ ನಡುವೆ ಬೇಕು. ಮುಂದೆ ಸ್ಲೈಡಿನ ಮೇಲಿನ ಮೇಣ ಕರಗಿಸುವುದಕ್ಕೂ ಅದೇ ಬೇಕು. ಮೊದಲಿನಿಂದ ಅದು ಝೈಲೀನ್. ಅದರ ಬದಲಿಗೆ ಬಂದದ್ದು ಲಿಮೊನೀನ್. ಜ್ಯೂಸ್ ತೆಗೆದ ಮೇಲೆ ಉಳಿಯುವ ಕಿತ್ತಳೆ ಸಿಪ್ಪೆಯಿಂದ ಮಾಡುತ್ತಾರೆ.

ಸಿಪ್ಪೆಯಿಂದ ಬಂದದ್ದು ಅಂದರೆ ಸಾಧು ಅಂತ ಅರ್ಥವಲ್ಲ. ಊದಿದ ಬಲೂನಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ನೋಡಿ, ಠಪ್ ಅಂತ ಒಡೆಯುತ್ತದೆ. ರಬ್ಬರನ್ನು ತಿನ್ನುವುದು ಇದೇ ಲಿಮೊನೀನ್. ಲೇಟೆಕ್ಸ್ ಗ್ಲೌಸ್ ಕೂಡ ಅದೇ ರಬ್ಬರ್. ಹಾಗಾಗಿ ಇದನ್ನು ತಡೆಯುವ ನೈಟ್ರೈಲ್ ಅನ್ನುವ ಸಿಂಥೆಟಿಕ್ ರಬ್ಬರಿನ ಗ್ಲೌಸ್ ಬೇಕು. ಚಿಕ್ಕವರಿದ್ದಾಗ ದೀಪದ ಮುಂದೆ ಸಿಪ್ಪೆ ಹಿಂಡಿ ಚಟಪಟ ಕಿಡಿ ಹಾರಿಸಿದ್ದೀರಲ್ವಾ? ಅದೂ ಇದೇ. ಸಿಪ್ಪೆಯಲ್ಲಿ ಒಂದೆರಡು ಹನಿ ಇರುತ್ತದೆ. ಲ್ಯಾಬಿನಲ್ಲಿ ಲೀಟರ್‌ಗಟ್ಟಲೆ ಇರುತ್ತದೆ.

48 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಮಟ್ಟಕ್ಕೆ ಬರುತ್ತದೆ. ನಮ್ಮ ಮೇಣದ ಓವನ್ ಸುಮಾರು 60 ಡಿಗ್ರಿಯಲ್ಲಿರುತ್ತದೆ. ಲಿಮೊನೀನ್ ಬೇಗ ಆರುವುದಿಲ್ಲ, ಜಿಡ್ಡು ಉಳಿಯುತ್ತದೆ. ಅದಕ್ಕೆ ಆ ಲ್ಯಾಬಿನಲ್ಲಿ ಒದ್ದೆ ಸ್ಲೈಡ್‌ಗಳ ಟ್ರೇಯನ್ನು ಓವನ್ ಪಕ್ಕಕ್ಕೇ ತಳ್ಳಿಟ್ಟಿದ್ದರು. ನೋಡಿ ಎದೆ ಧಸಕ್ಕೆಂದಿತು.

ಬಾಟಲಿ ತಿರುಗಿಸಿ ತೋರಿಸಿದೆ. ಕೆಂಪು ಅಂಚಿನ ನಾಲ್ಕು ಚಿತ್ರ ಇದ್ದವು. ಬೆಂಕಿ, ಆಶ್ಚರ್ಯ ಚಿಹ್ನೆ, ಎದೆಯಲ್ಲಿ ಬಿರುಕಿರುವ ಮನುಷ್ಯ, ಸತ್ತ ಮೀನು. ಚರ್ಮಕ್ಕೆ ಅಲರ್ಜಿ ತರಬಹುದು ಅಂತಲೂ ಬರೆದಿತ್ತು. ಆ ಹುಡುಗಿ ಅದನ್ನು ಓದಿದ್ದು ಇವತ್ತೇ ಮೊದಲು. ಬಳಸಿದ್ದನ್ನು ಸಿಂಕಿಗೆ ಸುರಿಯುತ್ತಿದ್ದಳು. ಸತ್ತ ಮೀನಿನ ಚಿತ್ರ ಇರುವುದೇ ಅದಕ್ಕೆ.

ಎಲ್ಲಕ್ಕಿಂತ ಜಾಸ್ತಿ ಸಂಕಟವಾದದ್ದು ಕಿಟಕಿ ಬಳಿ ಬಿಸಿಲಿನಲ್ಲಿ ಮುಚ್ಚಳವಿಲ್ಲದೆ ನಿಂತಿದ್ದ ಅರ್ಧ ಬಾಟಲಿ ನೋಡಿ. ತಾಜಾ ಲಿಮೊನೀನ್‌ನಿಂದ ಚರ್ಮಕ್ಕೆ ಅಲರ್ಜಿ ಹತ್ತುವುದು ಕಡಿಮೆ. ಗಾಳಿ ತಾಗುತ್ತಾ ಹೋದಂತೆ ಅದು ಆಮ್ಲಜನಕದ ಜೊತೆ ಸೇರಿ ಹೈಡ್ರೊಪೆರಾಕ್ಸೈಡ್‌ಗಳು ಅನ್ನುವ ಬೇರೆ ರಾಸಾಯನಿಕಗಳು ಹುಟ್ಟುತ್ತವೆ. ಅಲರ್ಜಿ ಹತ್ತಿಸುವುದು ಮುಖ್ಯವಾಗಿ ಅವು. ವಾಸನೆ ಮಾತ್ರ ಕಿತ್ತಳೆಯದೇ ಇರುತ್ತದೆ. ಮೂಗನ್ನು ನಂಬಿದವರು ಕೆಟ್ಟರು.

ಇಷ್ಟು ಯಾಕೆ ಉರಿಯುತ್ತಿದೆ ಅಂತ ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಲ್ಯಾಬಿಗೆ ಇದನ್ನು ತರಿಸಿ ಅಂತ ಹಟ ಹಿಡಿದವಳೇ ನಾನು. ಝೈಲೀನ್‌ನಿಂದ ದಿನಾ ತಲೆನೋವು ಬರುತ್ತಿತ್ತು. ಹೊಸ ಬಾಟಲಿ ಬಂದ ದಿನ ಜೂನಿಯರ್ ಹುಡುಗಿಗೆ ನಾನೇ ಹೇಳಿದ್ದೆ, ಇದಕ್ಕೆ ಗ್ಲೌಸ್ ಬೇಡ ಬಿಡೇ ಅಂತ. ಕೆಲವು ತಿಂಗಳಲ್ಲಿ ಅವಳ ಬೆರಳೆಲ್ಲ ಕೆಂಪಾಗಿ ಬಿರುಕು ಬಿಟ್ಟವು. ರಜೆಯಲ್ಲಿ ವಾಸಿಯಾಗುತ್ತಿತ್ತು, ಬಂದರೆ ಮತ್ತೆ ಶುರು. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪದಾರ್ಥ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡಿ ಲಿಮೊನೀನ್ ಅಂದರು. ಆ ಅಲರ್ಜಿ ಒಮ್ಮೆ ಹತ್ತಿದರೆ ಹೋಗುವುದಿಲ್ಲ. ಪಾತ್ರೆ ಸೋಪು, ಶಾಂಪೂ, ಸೆಂಟು, ಇಂಥ ಎಷ್ಟೋ ವಸ್ತುಗಳಲ್ಲಿ ವಾಸನೆಗೆ ಅಂತ ಲಿಮೊನೀನ್ ಹಾಕುತ್ತಾರೆ. ಕೆಲಸ ಬಿಟ್ಟರೂ ಅಲರ್ಜಿ ಅವಳ ಅಡುಗೆಮನೆಗೇ ಹೋಯಿತು. ನನ್ನ ಮಾತು ನಂಬಿ ಅವಳಿಗೆ ಹಾಗಾಯಿತು.

"ಹಾಗಾದರೆ ಝೈಲೀನ್ ಒಳ್ಳೆಯದಾ?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಅಲ್ಲ. ನಾನು ವಾಪಸ್ ಝೈಲೀನ್‌ಗೆ ಹೋಗಿ ಅನ್ನುತ್ತಿಲ್ಲ. ಲಿಮೊನೀನ್ ಕ್ಯಾನ್ಸರ್ ತರುತ್ತದೆ ಅಂತಲೂ ಅನ್ನುತ್ತಿಲ್ಲ. ಗಂಡು ಇಲಿಗಳ ಕಿಡ್ನಿಯಲ್ಲಿ ಗಡ್ಡೆ ಬಂದದ್ದು ನಿಜ. ಆದರೆ ಅವುಗಳಲ್ಲಿ ಗಡ್ಡೆ ಹುಟ್ಟುವ ರೀತಿ ಮನುಷ್ಯರಿಗೆ ಅನ್ವಯಿಸುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1999ರಲ್ಲೇ ಹೇಳಿದೆ. ನನ್ನ ಜಗಳ ಒಂದೇ. ಬಾಟಲಿ ಬದಲಾಯಿತು ಅಂತ ಫ್ಯಾನ್ ಯಾಕೆ ಆಫ್ ಆಗಬೇಕು? ಗ್ಲೌಸಿನ ಖರ್ಚು ಯಾಕೆ ನಿಲ್ಲಬೇಕು?

ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸಂಸ್ಥೆ ಓಶಾ, ಗಾಳಿಯಲ್ಲಿನ ಝೈಲೀನ್‌ಗೆ 8 ಗಂಟೆಯ ಸರಾಸರಿ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಅಂತ ಮಿತಿ ಇಟ್ಟಿದೆ. ಲಿಮೊನೀನ್‌ಗೆ ಅವರ ಮಿತಿಯೇ ಇಲ್ಲ. ಮಾರುವವರು ಇದನ್ನೇ ಹಿಡಿದು ಸೇಫ್ ಅನ್ನುತ್ತಾರೆ. ಆದರೆ ಜರ್ಮನಿಯಲ್ಲಿ ಇದಕ್ಕೆ 5 ಪಿಪಿಎಂ ಮಿತಿ ಇದೆ. ಅದನ್ನು ಯಾರೂ ಹೇಳುವುದಿಲ್ಲ.

ಲ್ಯಾಬಿನಲ್ಲಿರುವ ತಮ್ಮಂದಿರೇ, ತಂಗಿಯರೇ, ಕೈ ತುರಿಸುತ್ತಿದ್ದರೆ ಸುಮ್ನೆ ಮುಲಾಮು ಹಚ್ಚಿಕೊಂಡು ಕೂರಬೇಡಿ. ಡಾಕ್ಟರಿಗೆ ದ್ರವದ ಹೆಸರು ಹೇಳಿ, ಲೇಬಲಿನ ಫೋಟೋ ತೋರಿಸಿ. ಬಾಟಲಿ ತೆರೆದ ತಾರೀಕು ಅದರ ಮೇಲೇ ಬರೆಯಿರಿ. ಮುಚ್ಚಳ ಬಿಗಿಯಾಗಿ ಹಾಕಿ.

ಲ್ಯಾಬಿನವರಿಗೆ ಸಂಜೆ ಫೋನ್ ಮಾಡಿದೆ. ನೋಡೋಣ ಮೇಡಂ ಅಂದರು. ಸೋಮವಾರ ನೈಟ್ರೈಲ್ ಗ್ಲೌಸಿನ ಒಂದು ಡಬ್ಬಿ ತೆಗೆದುಕೊಂಡು ಮತ್ತೆ ಹೋಗುತ್ತಿದ್ದೇನೆ. ಫ್ಯಾನ್ ಓಡುತ್ತಿದೆಯಾ ನೋಡಬೇಕು.