ಮನೇಲಿ ಹೇಳಿ ಬಂದಿದ್ದೀರಾ?

ಬೆಂಗಳೂರಿನಲ್ಲಿ ನಲವತ್ತೈದು ದಾಟಿದ ಗಂಡಸು ಸೈಕಲ್ ಹತ್ತಿದರೆ ಜನ ಮೂರೇ ಕಾರಣ ಒಪ್ಪುತ್ತಾರೆ. ಒಂದು, ಶುಗರ್. ಎರಡು, ಕಾರು ಗ್ಯಾರೇಜಿನಲ್ಲಿದೆ. ಮೂರು, ಮನೆಯಲ್ಲಿ ಏನೋ ಆಗಿದೆ. ನಾನು ಬನಶಂಕರಿಯಿಂದ ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರದ ಆಫೀಸಿಗೆ ಸೈಕಲ್‌ನಲ್ಲಿ ಹೋಗಲು ಶುರು ಮಾಡಿದಾಗ, ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಲ್ಲಿಸಿ, ದನಿ ತಗ್ಗಿಸಿ, "ಫಾಸ್ಟಿಂಗ್ ಎಷ್ಟಿದೆ?" ಎಂದು ಕೇಳಿದರು. ಶುಗರ್ ಇಲ್ಲ ಸಾರ್ ಎಂದೆ. "ಹಾಗಾದ್ರೆ ಕೊಲೆಸ್ಟ್ರಾಲಾ?" ಎಂದರು. ಅದೂ ಇಲ್ಲ, ಸುಮ್ನೆ ಹೋಗ್ತಾ ಇದ್ದೀನಿ ಎಂದಾಗ ಅವರ ಮುಖದಲ್ಲಿ ಮೂಡಿದ ಮರುಕವನ್ನು ನೀವು ನೋಡಬೇಕಿತ್ತು. ನನಗೆ ಕೆಲಸ ಹೋಗಿದೆ ಎಂಬ ಸುದ್ದಿ ಸಂಜೆಯೊಳಗೆ ಬೀದಿಗೆಲ್ಲ ಮುಟ್ಟಿತ್ತು.

ದೊಡ್ಡ ರಸ್ತೆಗೆ ಬಂದರೆ ಕಾರಣ ಯಾರಿಗೂ ಬೇಕಿಲ್ಲ. ಅಲ್ಲಿ ಒಂದೇ ಪ್ರಶ್ನೆ: "ಮನೇಲಿ ಹೇಳಿ ಬಂದಿದೀಯಾ?" ನಮ್ಮ ನಾಡಿನ ಡ್ರೈವರುಗಳು ತಲೆಮಾರುಗಳಿಂದ ಕೇಳಿಕೊಂಡು ಬಂದಿರುವ ಪ್ರಶ್ನೆ ಇದು. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ನಾನು ಒಮ್ಮೆ ತಡೆಯಲಾರದೆ, "ಹೇಳೇ ಬಂದಿದ್ದೀನಣ್ಣ, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಅಂದಿದಾರೆ" ಎಂದೆ. ಆಟೋದವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ, "ಗಾಂಧಿ ಬಜಾರಲ್ಲಿ ತಗೊಳ್ಳಿ, ಚೆನ್ನಾಗಿರುತ್ತೆ" ಎಂದು ಹೇಳಿ, ನನ್ನ ಹ್ಯಾಂಡಲ್ ಸವರಿಕೊಂಡೇ ಮುಂದೆ ಹೋದರು.

ಒಂದು ವಿಷಯ ಗಮನಿಸಿದ್ದೇನೆ. ಹೆಲ್ಮೆಟ್ ಹಾಕಿದ ದಿನ ಈ ಪ್ರಶ್ನೆ "ಬಂದಿದ್ದೀರಾ ಸಾರ್?" ಎಂದು ಮರ್ಯಾದೆಯಾಗಿ ಬರುತ್ತದೆ. ಹೆಲ್ಮೆಟ್ ಮರೆತ ದಿನ ಏಕವಚನ. ತಲೆ ಉಳಿಸುತ್ತದೋ ಇಲ್ಲವೋ, ಮಾನವನ್ನಂತೂ ಉಳಿಸುತ್ತದೆ. ಅದೇ ರಸ್ತೆಯಲ್ಲಿ ಹಳೇ ಕರಿ ಸೈಕಲ್ಲಿಗೆ ಟೀ ಫ್ಲಾಸ್ಕ್ ಕಟ್ಟಿಕೊಂಡು ಹೋಗುವ ಒಬ್ಬ ಹುಡುಗ ದಿನಾ ಸಿಗುತ್ತಾನೆ. ಅವನಿಗೆ ಯಾವತ್ತೂ ಏಕವಚನವೇ. ಅವನು ಯಾರ ಜೊತೆಗೂ ವಾದಕ್ಕೆ ನಿಲ್ಲುವುದಿಲ್ಲ. ಹಾರ್ನ್ ಕೇಳಿದರೆ ತಿರುಗಿಯೂ ನೋಡುವುದಿಲ್ಲ. ಅವನ ಕಪ್ಪುಗಳು ಬೀಳುವುದಿಲ್ಲ, ಟೀ ಚೆಲ್ಲುವುದಿಲ್ಲ. ಗೇರು, ಡಿಸ್ಕ್ ಬ್ರೇಕು, ಮಿಣುಕು ದೀಪ ಎಲ್ಲ ಇಟ್ಟುಕೊಂಡ ನಾನು ಮಾತ್ರ ದಿನಕ್ಕೊಂದು ಜಗಳ ಮುಗಿಸಿ, ಬೆವರಿಕೊಂಡು ಆಫೀಸು ಸೇರುತ್ತೇನೆ.

ಹಾರ್ನ್ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಂದೆ ಒಂದು ಮೆಟ್ರೊ ಕಂಬದಿಂದ ಇನ್ನೊಂದು ಕಂಬದವರೆಗೆ ಕಾರು, ಟೆಂಪೊ, ನೀರಿನ ಟ್ಯಾಂಕರ್ ಸಾಲಾಗಿ ನಿಂತಿರುತ್ತವೆ. ಅವೆಲ್ಲ ಟ್ರಾಫಿಕ್. ಅಡ್ಡ ಇರುವವನು ನಾನೊಬ್ಬನೇ. ನಾನು ಪಕ್ಕಕ್ಕೆ ಸರಿದರೆ ಹಿಂದಿನ ಕಾರಿಗೆ ಸಿಗುವುದು ಆರಡಿ ಜಾಗ, ಅದರ ಮುಂದೆ ಟ್ಯಾಂಕರಿನ ಹಿಂಭಾಗ. ಆದರೂ ಆ ಆರಡಿಗಾಗಿ ಅವರು ಪಡುವ ಆತುರ ನೋಡಿದರೆ, ಸೈಟಿನ ರಿಜಿಸ್ಟ್ರೇಷನ್ ಇವತ್ತೇ ಮುಗಿಸಬೇಕು ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಬಿಳಿ ಕಾರಿನ ಯಜಮಾನರೊಬ್ಬರು ಉದ್ದಕ್ಕೆ ಹಾರ್ನ್ ಒತ್ತಿ ನನ್ನನ್ನು ಹಿಂದೆ ಹಾಕಿದರು. ಮುಂದಿನ ಸಿಗ್ನಲ್‌ನಲ್ಲಿ ನಾನು ಅವರ ಪಕ್ಕದಲ್ಲೇ ಇದ್ದೆ. ಮತ್ತೆ ಹಾರ್ನ್, ಮತ್ತೆ ಮುಂದೆ, ಮತ್ತೆ ಸೌತ್ ಎಂಡ್ ಸರ್ಕಲ್‌ನಲ್ಲಿ ಇಬ್ಬರೂ ಪಕ್ಕಪಕ್ಕ. ಆಮೇಲಿನ ಸಿಗ್ನಲ್‌ನಲ್ಲಿ ಅವರು ಗಾಜು ಇಳಿಸಿ, "ಎಲ್ಲಿ ಕೆಲಸ ನಿಮ್ದು?" ಎಂದು ವಿಚಾರಿಸಿದರು. ಇಷ್ಟು ಸಲ ಭೇಟಿಯಾದ ಮೇಲೆ ಮಾತಾಡಿಸದೆ ಇರುವುದು ಅವರಿಗೂ ಸರಿ ಕಾಣಲಿಲ್ಲವೇನೋ. ಇದರಲ್ಲಿ ನನ್ನ ಕಾಲಿನ ಪ್ರತಾಪವೇನೂ ಇಲ್ಲ. ಟಾಮ್‌ಟಾಮ್ ಎಂಬ ಕಂಪನಿ ಊರೂರಿನ ಟ್ರಾಫಿಕ್ ಅಳೆಯುತ್ತದೆ. ಅದರ 2023ರ ಲೆಕ್ಕದಲ್ಲಿ ಬೆಂಗಳೂರಿನೊಳಗೆ 10 ಕಿ.ಮೀ. ಹೋಗಲು ಕಾರಿಗೆ ಸರಾಸರಿ 28 ನಿಮಿಷ 10 ಸೆಕೆಂಡು ಬೇಕು. ಅಂದರೆ ಗಂಟೆಗೆ 21 ಕಿ.ಮೀ. ಆಸುಪಾಸು. ಅದು ಇಡೀ ದಿನದ ಸರಾಸರಿ, ಆಫೀಸಿನ ಹೊತ್ತಿನ ಕಥೆ ಇನ್ನೂ ನಿಧಾನ. ನಾನು ಏದುಸಿರು ಬಿಡದೆ ತುಳಿದರೂ ಹದಿನೈದರ ಮೇಲೆ ಹೋಗುತ್ತೇನೆ. ಇಪ್ಪತ್ತು ಲಕ್ಷದ ಗಾಡಿ ಸೈಕಲ್ಲಿನ ವೇಗಕ್ಕೆ ಇಳಿದಾಗ ಒಳಗೆ ಕೂತವರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ಟ್ಯಾಂಕರಿನ ಮೇಲೆ ತೋರಿಸಲು ಆಗುವುದಿಲ್ಲ ನೋಡಿ.

"ನಾವು ರೋಡ್ ಟ್ಯಾಕ್ಸ್ ಕಟ್ತೀವ್ರೀ" ಎನ್ನುವುದು ಅವರ ಕೊನೆಯ ಅಸ್ತ್ರ. ಇದಕ್ಕೆ ನನ್ನ ಪೂರ್ತಿ ಸಹಾನುಭೂತಿ ಇದೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಕಾರಿನ ಬೆಲೆಯ ಶೇಕಡಾ 18ರವರೆಗೂ ಏರುತ್ತದೆ. ಅಷ್ಟು ಕಟ್ಟಿದ ಮೇಲೆ ರಸ್ತೆ ನಮ್ಮಪ್ಪಂದೇ ಅನ್ನಿಸದಿದ್ದರೆ ಹೇಗೆ? ಆದರೆ ನಾನೂ ಕಟ್ಟಿದ್ದೇನೆ. ನನ್ನ ಕಾರು ಮನೆಯ ಮುಂದೆ ಕವರ್ ಹೊದ್ದುಕೊಂಡು ಮಲಗಿದೆ, ಕವರಿನ ಮೇಲೆ ಬೀದಿಯ ಬೆಕ್ಕು ಮಲಗಿದೆ. ಇದನ್ನು ಸಿಗ್ನಲ್‌ನಲ್ಲಿ ವಿವರಿಸಲು ಹೊರಟರೆ ಅಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ.

ಹಾರ್ನನ್ನಾದರೂ ಕೇಳಿಸಿಕೊಂಡು ಸರಿಯಬಹುದು. ಬಾಗಿಲಿಗೆ ಸದ್ದೇ ಇಲ್ಲ. ನಮ್ಮಲ್ಲಿ ಡ್ರೈವರ್ ಬಲಕ್ಕೆ, ಸೈಕಲ್ಲಿನವನು ಎಡಕ್ಕೆ. ಟ್ರಾಫಿಕ್ ನಿಂತ ಕೂಡಲೇ ಕ್ಯಾಬಿನಿಂದ ಇಳಿಯುವವರೂ ಎಡಕ್ಕೇ. ನೆದರ್ಲೆಂಡ್ಸ್‌ನಲ್ಲಿ ಕಾರಿನ ಬಾಗಿಲನ್ನು ಹತ್ತಿರದ ಕೈ ಬಿಟ್ಟು ಆಚೆ ಕೈಯಿಂದ ತೆಗೆಯಬೇಕೆಂದು ಕಲಿಸುತ್ತಾರೆ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಬ್ರಿಟನ್ನಿನವರು 2022ರಲ್ಲಿ ಇದನ್ನು ತಮ್ಮ ರಸ್ತೆ ನಿಯಮಾವಳಿಗೂ ಸೇರಿಸಿದರು. ಒಳ್ಳೆಯ ಉಪಾಯವೇ. ಆದರೆ ನಮ್ಮಲ್ಲಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ವೀಟ್ ಬಾಕ್ಸು. ಬಾಗಿಲು ತೆಗೆಯುವುದು ಮೊಣಕಾಲು.

ಅಂಥದೊಂದು ಮೊಣಕಾಲು ಗಾಂಧಿ ಬಜಾರಿನಲ್ಲಿ ನನ್ನ ಎದುರು ಬಾಗಿಲು ತೆಗೆಯಿತು. ನಾನು ಎರಡೂ ಬ್ರೇಕು ಒಟ್ಟಿಗೆ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಪಕ್ಕದಲ್ಲೇ ಇದ್ದ ಹೂವಿನ ಬುಟ್ಟಿಗೆ ಅಂಗೈ ಊರಿ ಬಿದ್ದೆ. ಪೆಟ್ಟೇನೂ ಆಗಲಿಲ್ಲ, ಸೇವಂತಿಗೆ ಮೆತ್ತಗಿತ್ತು. ಕಾರಿನಿಂದ ಇಳಿದ ಅಮ್ಮನವರು, "ನೋಡ್ಕೊಂಡು ಬರಬಾರ್ದಾ?" ಎಂದು ನನ್ನನ್ನೇ ಗದರಿಸಿ ಅಂಗಡಿಗೆ ಹೋದರು. ಹೂವಿನವರು ಮಾತ್ರ ನ್ಯಾಯವಾಗಿ ಮಾತಾಡಿದರು. "ಎರಡು ಮಾರು ಹೋಯ್ತಲ್ಲ ಯಜಮಾನ್ರೇ" ಎಂದರು. ಆ ಎರಡು ಮಾರನ್ನು ನಾನೇ ಕೊಂಡೆ. ಸಂಜೆ ಹೂವು ನೋಡಿದ ನನ್ನಾಕೆ ಮೊದಲು ನಕ್ಕಳು. ಆಮೇಲೆ, "ಏನಾಯ್ತು, ನಿಜ ಹೇಳಿ" ಎಂದಳು.

ಅವಳದು ಎದುರು ಪಕ್ಷ. ಅವಳು ಕಾರು ಓಡಿಸುತ್ತಾಳೆ, ನನಗಿಂತ ಚೆನ್ನಾಗಿಯೇ ಓಡಿಸುತ್ತಾಳೆ. ನಾನು ಸೈಕಲ್ ಹತ್ತಿದಂದಿನಿಂದ ಊರಿನ ಅಷ್ಟೂ ಸೈಕಲ್ ಸವಾರರ ಸಂಘಕ್ಕೆ ನನ್ನನ್ನು ಅಧ್ಯಕ್ಷನಂತೆ ನೋಡುತ್ತಾಳೆ. ರಾತ್ರಿ ಊಟಕ್ಕೆ ಕೂತಾಗ ದೂರು ಸಲ್ಲಿಕೆ. "ನಿಮ್ಮವರು ಇವತ್ತು ಒನ್‌ವೇಯಲ್ಲಿ ಎದುರಿಗೆ ಬಂದ್ರು." "ನಿಮ್ಮವರಿಗೆ ರಾತ್ರಿ ಒಂದು ಲೈಟ್ ಹಾಕ್ಕೊಳ್ಳೋಕೆ ಏನ್ರೀ ಕಷ್ಟ?" "ನಿಮ್ಮವರು ಕಿವೀಲಿ ಅದೇನೋ ಸಿಕ್ಕಿಸ್ಕೊಂಡು ಹೋಗ್ತಾರಲ್ಲ, ಹಿಂದಿಂದ ಆನೆ ಬಂದ್ರೂ ಗೊತ್ತಾಗಲ್ಲ." ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ಕಡೆ ಹೋದರಂತೂ ಅವಳ ಕಡತ ದಪ್ಪವಾಗುತ್ತದೆ. ಬಿಗಿ ಬಟ್ಟೆಯ ನಾಲ್ಕು ಜನ ರಸ್ತೆಯ ಅಗಲಕ್ಕೂ ಸಾಲಾಗಿ, ಹೊಸ ಟೈರಿನ ವಿಷಯ ಮಾತಾಡಿಕೊಂಡು ಏರುತ್ತಿರುತ್ತಾರೆ. "ನೋಡಿ ನಿಮ್ಮವರನ್ನ" ಎನ್ನುತ್ತಾಳೆ. ಪಕ್ಕದಲ್ಲಿ ಕೂತ ನಾನು ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತೇನೆ.

ಇಬ್ಬರನ್ನೂ ಬೇರೆ ಬೇರೆ ಇಡುವ ಪ್ರಯತ್ನ ಸರ್ಕಾರ ಮಾಡಿಲ್ಲ ಎನ್ನುವಂತಿಲ್ಲ. ಜಯನಗರದಲ್ಲಿ ಹತ್ತು ವರ್ಷಕ್ಕೂ ಹಿಂದೆಯೇ ಸೈಕಲ್ ಪಥ ಮಾಡಿದರು. ಅದನ್ನು ನೋಡಿದ ಕಾರಿನವರಿಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ಅಚ್ಚುಕಟ್ಟಾದ ಪಾರ್ಕಿಂಗ್ ಅವರು ಹಿಂದೆಂದೂ ಕಂಡಿರಲಿಲ್ಲ. ಕೊರೊನಾ ಬಂದ 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಸೈಕಲ್ ದಾರಿ ಬಿಡಿಸಿದರು. ಕೆಲವು ಕಂಬ ಮುರಿದವು. ಬೈಕಿನವರು ತಮಗೂ ಎರಡೇ ಚಕ್ರ ಎಂಬ ನ್ಯಾಯದ ಮೇಲೆ ಒಳಗೆ ಬಂದರು. ಆಮೇಲೆ ಮೆಟ್ರೊ ಕಾಮಗಾರಿ ಬಂತು. ಸೈಕಲ್ಲಿನವರಿಗೂ ನಡೆಯುವವರಿಗೂ ಹಕ್ಕು ಕೊಡಬೇಕೆಂದು ನಗರ ಭೂಸಾರಿಗೆ ನಿರ್ದೇಶನಾಲಯ ಒಂದು ಮಸೂದೆಯ ಕರಡನ್ನೂ ಬರೆಯಿತು. ನಾನು ಉತ್ಸಾಹದಿಂದ ಊಟದ ಹೊತ್ತಿನಲ್ಲಿ ಈ ವಿಷಯ ಎತ್ತಿದೆ. "ಮೊದ್ಲು ನಿಮ್ಮವರಿಗೆ ಲೈಟ್ ಹಾಕ್ಕೊಳ್ಳೋಕೆ ಹೇಳಿ" ಎಂದು ಸಾರು ಬಡಿಸಿದಳು.

ನಾಗಸಂದ್ರ ಸರ್ಕಲ್ ಹತ್ತಿರದ ಕನ್ನಡಿ ಪ್ರಕರಣ ನಡೆದದ್ದು ಇಂಥ ವಾತಾವರಣದಲ್ಲಿ. ನಾನು ಎಡ ಅಂಚಿನಲ್ಲಿ ಹೋಗುತ್ತಿದ್ದೆ. ಬೂದು ಬಣ್ಣದ ದೊಡ್ಡ ಕಾರೊಂದು ನನ್ನನ್ನು ದಾಟಿತು. ದಾಟಿದ ಮರುಕ್ಷಣವೇ ಅದರ ಯಜಮಾನರಿಗೆ ಹೋಟೆಲಿನ ಮಸಾಲೆ ದೋಸೆ ವಾಸನೆ ಬಂದಿರಬೇಕು, ಇಂಡಿಕೇಟರ್ ಇಲ್ಲದೆ ಎಡಕ್ಕೆ ಎಳೆದರು. ಅವರ ಎಡಗನ್ನಡಿ, ನನ್ನ ಬಲ ಹ್ಯಾಂಡಲ್. ಕನ್ನಡಿ ಟಕ್ ಎಂದು ಮಡಚಿಕೊಂಡಿತು. ಗಾಜು ಒಡೆಯಲಿಲ್ಲ, ಅಂಚಿನಲ್ಲಿ ಒಂದು ಗೀರು ಅಷ್ಟೇ. ಯಜಮಾನರು ಇಳಿದು ಬಂದು ಗೀರನ್ನು ಬೆರಳಿನಿಂದ ಸವರಿ, "ಎಂಟು ಸಾವಿರ" ಎಂದರು.

ಜನ ಸೇರಿದರು. ನನಗೆ ಧೈರ್ಯ ಬಂತು. ಯಾಕೆಂದರೆ ನಮ್ಮ ರಸ್ತೆಗಳಲ್ಲಿ ಯಾರ ತಪ್ಪೇ ಇರಲಿ, ಸೇರಿದ ಜನ ದೊಡ್ಡ ಗಾಡಿಯದೇ ತಪ್ಪು ಎಂದು ತೀರ್ಪು ಕೊಡುತ್ತಾರೆ. ಇದು ನ್ಯಾಯವಲ್ಲ ಎಂದು ಕಾರಿನಲ್ಲಿದ್ದಾಗ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆ ಹೊತ್ತಿಗೆ ಮಾತ್ರ ಅದು ಬಹಳ ಒಳ್ಳೆಯ ಸಂಪ್ರದಾಯ ಅನ್ನಿಸಿತು. "ಪಾಪ ಸೈಕಲ್ಲಿನವ್ರು" ಎಂದು ಒಬ್ಬರು ಶುರು ಮಾಡಿಯೂ ಮಾಡಿದರು. ಅಷ್ಟರಲ್ಲಿ ಎಳನೀರಿನವನು ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಪಾಪ ಏನ್ ಬಂತು, ಈ ಸೈಕಲ್ಲೇ ಐವತ್ತು ಸಾವಿರ ಇರುತ್ತೆ" ಎಂದ. ಹದಿನೆಂಟು ಸಾವಿರ ಎಂದು ನಾನು ಕೂಗಿದೆ. ಯಾರೂ ನಂಬಲಿಲ್ಲ. ಜನ ಇಬ್ಭಾಗವಾದರು. ಟೊಪ್ಪಿ ಹಾಕಿದ ಅಜ್ಜರೊಬ್ಬರು, "ನಮ್ಮ ಕಾಲದಲ್ಲಿ ಸೈಕಲ್ಲಿಗೂ ಮುನಿಸಿಪಾಲ್ಟಿ ಬಿಲ್ಲೆ ಇರ್ತಿತ್ತು. ಡೈನಮೊ ಉರೀಲಿಲ್ಲ ಅಂದ್ರೆ ಪೊಲೀಸ್ನೋರು ಗಾಳಿ ಬಿಡ್ತಿದ್ರು" ಎಂದು ಇಬ್ಬರ ಪರವೂ ಅಲ್ಲದ ಮಾತು ಹೇಳಿದರು.

ಯಜಮಾನರಿಗೆ ಅದೇ ಸಾಕಾಯಿತು. "ಕರೆಕ್ಟಾಗಿ ಹೇಳಿದ್ರಿ. ಇವರಿಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಸಿಗ್ನಲ್ ಇಲ್ಲ, ರೂಲ್ಸೇ ಇಲ್ಲ" ಎಂದು ಭಾಷಣ ಶುರು ಮಾಡಿದರು. ಟ್ರಾಫಿಕ್ ಪೊಲೀಸರು ಬಂದದ್ದು ಆಗ. "ಕೇಸ್ ಹಾಕಿ ಸಾರ್" ಎಂದು ಯಜಮಾನರು ನನ್ನ ಕಡೆ ಕೈ ತೋರಿಸಿದರು. ಪೊಲೀಸರು ದಂಡದ ಮಷೀನ್ ತೆಗೆದರು. ನನ್ನ ಸೈಕಲ್ಲಿನ ಹಿಂದೆ ನೋಡಿದರು, ಮುಂದೆ ಬಂದು ನೋಡಿದರು.

"ಗಾಡಿ ನಂಬರ್ ಕೇಳ್ತಾ ಇದೆ ಇದು" ಎಂದರು.

"ಸೈಕಲ್ಲಿಗೆ ನಂಬರ್ ಇರಲ್ಲ ಸಾರ್" ಎಂದೆ. ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿ ಮೋಟಾರು ಇರುವ ವಾಹನಕ್ಕೆ ಮಾತ್ರ ಎನ್ನುವುದನ್ನೂ ಸೇರಿಸುವವನಿದ್ದೆ. ಪೊಲೀಸರ ಮುಖ ನೋಡಿ ಸುಮ್ಮನಾದೆ. ನಂಬರ್ ಹಾಕದೆ ಮಷೀನ್ ಮುಂದೆ ಹೋಗುತ್ತಿರಲಿಲ್ಲ. ಜನರೆಲ್ಲ ನೋಡುತ್ತಿದ್ದರು. ಪೊಲೀಸರು ಸ್ವಲ್ಪ ಯೋಚಿಸಿ, ಎದುರಿಗೆ ಕಾಣುತ್ತಿದ್ದ ಒಂದೇ ನಂಬರನ್ನು ಒತ್ತಿದರು. ಕಾರಿನದು.

ಮಷೀನ್ ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ಅವರ ಹೆಬ್ಬೆರಳು ತೆರೆಯನ್ನು ಮೇಲಕ್ಕೆ ಸರಿಸುತ್ತಲೇ ಹೋಯಿತು.

"ಹದಿನಾಲ್ಕು ಕೇಸ್ ಇದೆ ಸಾರ್ ನಿಮ್ದು. ಎಲ್ಲಾ ಕ್ಯಾಮೆರಾದ್ದು. ಸಿಗ್ನಲ್ ಜಂಪು, ಸ್ಟಾಪ್ ಲೈನು. ಏಳು ಸಾವಿರ."

ಎಳನೀರಿನವನು ತಕ್ಷಣ ನನ್ನ ಕಡೆಗೆ ಬಂದು ನಿಂತ. ಯಜಮಾನರು ಡ್ರೈವರ್ ಇರಬೇಕು, ಭಾಮೈದ ಇರಬೇಕು ಎಂದೆಲ್ಲ ಹೇಳಿ ನೋಡಿದರು. "2023ರ ಫೆಬ್ರವರೀಲಿ ಅರ್ಧ ದಂಡಕ್ಕೆ ಬಿಟ್ಟಿದ್ರಲ್ಲ ಸಾರ್, ಕ್ಯೂ ನಿಂತು ಕಟ್ಟಿದ್ರು ಜನ. ಆವಾಗ ಏನ್ ಮಾಡ್ತಿದ್ರಿ?" ಎಂದು ಪೊಲೀಸರು ಬೇಜಾರಿನಿಂದ ಕೇಳಿದರು. ಯಜಮಾನರು ಕಾರ್ಡು ತೆಗೆಯುತ್ತಾ ಮೊದಲ ಸಲ ನನ್ನ ಸೈಕಲ್ಲನ್ನು ಸರಿಯಾಗಿ ನೋಡಿದರು. ಸೀಟು ಮುಟ್ಟಿದರು. ಗೇರಿನ ಹಲ್ಲು ಬಗ್ಗಿ ನೋಡಿದರು. ಗೀರು ಬಿದ್ದ ಕನ್ನಡಿಯನ್ನು ತಾವೇ ಬಿಡಿಸಿ ಸರಿ ಮಾಡಿಕೊಂಡರು.

"ಇದಕ್ಕೆ ನಂಬರ್ ಪ್ಲೇಟೇ ಬೇಡ್ವಾ ಸಾರ್?" ಎಂದರು.

"ಬೇಡ ಸಾರ್."

"ಎಲ್ಲಿ ತಗೊಂಡ್ರಿ?"

ಅಂಗಡಿಯ ಹೆಸರು ಹೇಳಲು ನಾನು ಬಾಯಿ ತೆರೆದೆ. "ಅದೆಲ್ಲ ಆಮೇಲೆ" ಎಂದು ಪೊಲೀಸರು ಮಧ್ಯೆ ಮಷೀನ್ ಚಾಚಿದರು. "ಮೊದ್ಲು ಪಿನ್ ಒತ್ತಿ."