ನೀವು ಮನುಷ್ಯರೆಂಬುದಕ್ಕೆ ಪುರಾವೆ ಲಗತ್ತಿಸಿ

ಮತ್ತೆ ಅದೇ ಸುದ್ದಿ. ಊರು ಬೇರೆ, ಕಾಲೇಜು ಬೇರೆ, ಉಳಿದದ್ದೆಲ್ಲ ನಿಮಗೆ ಬಾಯಿಪಾಠ. ಸ್ವಂತ ತಲೆ ಓಡಿಸಿ ಪ್ರಬಂಧ ಬರೆದವರು ಎಐ ಬರಹ ಪತ್ತೆಹಚ್ಚುವ ‘ಡಿಟೆಕ್ಟರ್‌’ ಸಾಫ್ಟ್‌ವೇರ್‌ಗೆ ಸಿಕ್ಕಿಬಿದ್ದರು, ಯಂತ್ರದಿಂದ ಬರೆಸಿದವರು ಸಲೀಸಾಗಿ ಪಾಸಾದರು, ಕಾಲೇಜು ‘ತಂತ್ರಜ್ಞಾನದ ದುರ್ಬಳಕೆ ಸಹಿಸುವುದಿಲ್ಲ’ ಎಂದು ಗುಡುಗಿತು. ಇನ್ನು ಅಸೈನ್‌ಮೆಂಟಿನ ಜೊತೆ ಅದರಲ್ಲಿ ಎಐ ಪಾಲು ಶೇಕಡಾ ಎಷ್ಟೆಂಬ ವರದಿ ಕಡ್ಡಾಯವಂತೆ. ಬರೆದವನು ಮನುಷ್ಯನೇ ಎಂದು ಯಂತ್ರ ದೃಢೀಕರಿಸಿ ಕೊಡಬೇಕು. ಶಿಕ್ಷಣ ಇಷ್ಟು ಎತ್ತರಕ್ಕೆ ಏರಿದ ಮೇಲೂ ಚಪ್ಪಾಳೆ ತಟ್ಟದಿದ್ದರೆ ನಮ್ಮದು ಕೈಯೇ ಅಲ್ಲ.

ಮೊದಲ ಗೌರವ ವಿದ್ಯಾರ್ಥಿಗಳಿಗೇ ಸಲ್ಲಲಿ. ಅಸೈನ್‌ಮೆಂಟ್‌ ಕೊಟ್ಟು ಮೂರು ವಾರ, ಗಡುವು ರಾತ್ರಿ 11:59. ಈ ಮೂರು ವಾರದಲ್ಲಿ ನಡೆಯುವ ಕೆಲಸ ಕಂಡರೆ ಯಾರೂ ಅವರನ್ನು ಸೋಮಾರಿ ಎನ್ನಲಾರರು. ಮೊದಲ ವಾರ ವಿಷಯ ‘ತಲೆಯಲ್ಲಿ ಓಡುತ್ತಿರುತ್ತದೆ’. ಎರಡನೇ ವಾರ ಸಲಕರಣೆಗಳ ಹಬ್ಬ. ಟಿಪ್ಪಣಿ ಆ್ಯಪ್‌ ನೋಷನ್‌ನಲ್ಲಿ ಟೆಂಪ್ಲೇಟ್‌ ಹುಡುಕಬೇಕು, ಅದಕ್ಕೊಂದು ಕವರ್‌ ಚಿತ್ರ ಬೇಕು, ಉಲ್ಲೇಖ ಜೋಡಿಸಿಕೊಡುವ ಜೊಟೆರೊ ಹಾಕಿಕೊಳ್ಳಬೇಕು, ಅದು ವರ್ಡ್‌ ಜೊತೆ ಹೊಂದಿಕೊಳ್ಳದಿದ್ದರೆ ಪ್ಲಗ್‌ಇನ್‌ ತೆಗೆದು ಮತ್ತೆ ಹಾಕಬೇಕು. 25 ನಿಮಿಷ ಬರೆದು 5 ನಿಮಿಷ ಬಿಡುವು ತೆಗೆದುಕೊಳ್ಳುವ ಪೊಮೊಡೊರೊ ಪದ್ಧತಿಗೆ ತಕ್ಕ ಆ್ಯಪ್‌ ಆರಿಸುವುದಕ್ಕೇ ಒಂದು ಸಂಜೆ ಬೇಕು. ಫ್ರಾಂಚೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ಆ ಪದ್ಧತಿ ಶುರುಮಾಡಿದಾಗ ಇದ್ದದ್ದು ಟೊಮೆಟೊ ಆಕಾರದ ಒಂದು ಅಡುಗೆಮನೆ ಟೈಮರ್‌. ಪಾಪ, ಅದರಲ್ಲಿ ಡಾರ್ಕ್‌ ಮೋಡ್‌ ಇರಲಿಲ್ಲ.

ಟಿಪ್ಪಣಿಗಳ ಕತೆ ಇನ್ನೂ ಸ್ವಾರಸ್ಯ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್‌ ಲೂಮನ್‌ ಸುಮಾರು 90,000 ಚೀಟಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಸಂಖ್ಯೆಯ ಕೊಂಡಿ ಹಾಕಿ, ಅದರ ಬಲದಿಂದ ಹತ್ತಾರು ಪುಸ್ತಕ, ನೂರಾರು ಲೇಖನ ಬರೆದ. ಈಗ ಅದೇ ಚೀಟಿ ಪದ್ಧತಿಗೆ ಆಬ್ಸಿಡಿಯನ್‌ ಎಂಬ ಆ್ಯಪ್‌ ಇದೆ. ಟಿಪ್ಪಣಿಗಳ ನಡುವಿನ ನಂಟನ್ನು ಅದು ನಕ್ಷತ್ರಪುಂಜದ ಹಾಗೆ ತೋರಿಸುತ್ತದೆ. ಆ ನಕ್ಷತ್ರಗಳಿಗೆ ಬಣ್ಣ ಕೊಡಬಹುದು, ಬೆಳಕು ಹೆಚ್ಚಿಸಬಹುದು, ಅದರ ಸ್ಕ್ರೀನ್‌ಶಾಟ್‌ ಹಾಕಿಕೊಳ್ಳಬಹುದು. ಲೂಮನ್‌ ಮಾಡಿದ ಒಂದೇ ತಪ್ಪೆಂದರೆ ಚೀಟಿ ಜೋಡಿಸಿದ ಮೇಲೆ ಬರೆಯಲು ಕೂತದ್ದು.

ಇದು ಎಲ್ಲೋ ನಾಲ್ಕು ಮಂದಿಯ ಚಟ ಅಂದುಕೊಳ್ಳಬೇಡಿ. ಪಿಯರ್ಸ್‌ ಸ್ಟೀಲ್‌ ಎಂಬ ಮನಶ್ಶಾಸ್ತ್ರಜ್ಞ ಮುಂದೂಡುವಿಕೆಯ ಮೇಲಿನ ಅಧ್ಯಯನಗಳನ್ನೆಲ್ಲ 2007ರಲ್ಲಿ ಒಟ್ಟುಹಾಕಿ ನೋಡಿದಾಗ, ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ 80ರಿಂದ 95ರಷ್ಟು ಮಂದಿ ಕೆಲಸ ಮುಂದೂಡುತ್ತಾರೆ ಎಂಬ ಅಂದಾಜನ್ನು ಕೊಟ್ಟಿದ್ದಾರೆ. ಯಾವ ಪರೀಕ್ಷೆಯಲ್ಲೂ ಕಾಣದ ಫಲಿತಾಂಶ ಇದು. ಗುರುಗಳೂ ಹಿಂದೆ ಬಿದ್ದಿಲ್ಲ. ಸ್ಟ್ಯಾನ್‌ಫರ್ಡ್‌ನ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್‌ ಪೆರ್ರಿ, ಮಾಡಲೇಬೇಕಾದ ಕೆಲಸ ತಪ್ಪಿಸಿಕೊಳ್ಳಲು ಉಳಿದ ಕೆಲಸಗಳನ್ನೆಲ್ಲ ಮಾಡಿ ಮುಗಿಸುವುದನ್ನೇ ಒಂದು ಸಿದ್ಧಾಂತ ಮಾಡಿದರು. ಅದಕ್ಕೆ 2011ರಲ್ಲಿ, ನೊಬೆಲ್‌ನ ಅಣಕವಾದ ಇಗ್‌ ನೊಬೆಲ್‌ನ ಸಾಹಿತ್ಯ ಪ್ರಶಸ್ತಿಯೂ ಬಂತು. ಪ್ರಬಂಧ ಬರೆಯಬೇಕಾದ ದಿನ ಹಾಸ್ಟೆಲ್‌ ಕೋಣೆ ಯಾಕೆ ಫಳಫಳ ಹೊಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗದು.

ಸ್ಫೂರ್ತಿಯ ವಿಚಾರ ಬಂದರೆ ಡೆಮಾಸ್ತನೀಸ್‌ನನ್ನು ನೆನೆಯಬೇಕು. ಈ ಗ್ರೀಕ್‌ ಭಾಷಣಕಾರ ನೆಲದಡಿ ಒಂದು ಕೋಣೆ ಕಟ್ಟಿಸಿಕೊಂಡು ಎರಡು ಮೂರು ತಿಂಗಳು ಒಳಗೇ ಅಭ್ಯಾಸ ಮಾಡುತ್ತಿದ್ದನಂತೆ. ಹೊರಗೆ ಹೋಗುವ ಆಸೆಯಾದರೂ ನಾಚಿಕೆಯಾಗಿ ಹೋಗದಿರಲೆಂದು ತಲೆಯ ಒಂದು ಬದಿ ಮಾತ್ರ ಬೋಳಿಸಿಕೊಳ್ಳುತ್ತಿದ್ದನೆಂದು ಪ್ಲುಟಾರ್ಕ್‌ ಬರೆಯುತ್ತಾನೆ. ಇಂದು ಆ ಉಪಾಯ ನಡೆಯದು. ಅರ್ಧ ಬೋಳಿಸಿದರೆ ಮೊದಲು ರೀಲ್‌, ಆಮೇಲೆ ಅದರ ಕಾಮೆಂಟುಗಳಿಗೆ ಉತ್ತರ. ಈಗಿನವರಿಗೆ ಮಳೆ ಸದ್ದಿನ ವಿಡಿಯೊ ಸಾಕು, ಇಲ್ಲವೇ ಇನ್ಯಾರೋ ಓದುವುದನ್ನು ನಾಲ್ಕು ಗಂಟೆ ತೋರಿಸುವ ವಿಡಿಯೊ. ಅವರು ಓದುವುದನ್ನು ಇವರು ನೋಡುತ್ತಾರೆ. ಒಟ್ಟಿನಲ್ಲಿ ಯಾರೋ ಓದಿದರಲ್ಲ!

ಹೀಗೆ ಕೊನೆಯ ರಾತ್ರಿ ಬರುತ್ತದೆ. ಹೆಸರು, ರೋಲ್‌ ನಂಬರ್‌, ಶೀರ್ಷಿಕೆ. ಶೀರ್ಷಿಕೆಗೆ ಯಾವ ಫಾಂಟ್‌ ಎಂಬುದರ ಮೇಲೆ ಇಪ್ಪತ್ತು ನಿಮಿಷದ ಚಿಂತನೆ. ಆಮೇಲೆ ಪುಟ ತುಂಬಿಸುವ ಪ್ರಾಚೀನ ವಿದ್ಯೆ. ಇದರಲ್ಲಿ ನಿಜಕ್ಕೂ ಕಸುಬುದಾರಿಕೆ ಇತ್ತು, ಈಗ ನಶಿಸುತ್ತಿದೆ. ಪೂರ್ಣವಿರಾಮಗಳನ್ನಷ್ಟೇ ಹುಡುಕಿ 12ರಿಂದ 14 ಪಾಯಿಂಟ್‌ಗೆ ಏರಿಸುವುದು ಅದರ ತಿರುಳು. ಸಾಲಿನಲ್ಲಿ ಅತಿ ದೊಡ್ಡ ಅಕ್ಷರ ಯಾವುದೋ ಅದಕ್ಕೆ ತಕ್ಕಂತೆ ವರ್ಡ್‌ ಸಾಲಿನ ಎತ್ತರ ನಿಗದಿ ಮಾಡುತ್ತದೆ; ಹಾಗಾಗಿ ಒಂದು ಚುಕ್ಕಿ ಉಬ್ಬಿದರೂ ಇಡೀ ಸಾಲು ಉಬ್ಬುತ್ತದೆ. ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ಗೆ, ಅಂದರೆ ಬದಲಾಗದ ಅಳತೆಗೆ ಇಟ್ಟಿದ್ದರೆ ಮಾತ್ರ ವಿದ್ಯೆ ಕೈಕೊಡುತ್ತದೆ. ಉದ್ದ ವಾಕ್ಯ ಬರೆಯುವವರಿಗೂ ಲಾಭ ಕಡಿಮೆ, ಏಕೆಂದರೆ ಚುಕ್ಕಿಯೇ ಇಲ್ಲದ ಸಾಲು ಉಬ್ಬದು.

ಅಧ್ಯಾಪಕರು ಪುಟ ಬಿಟ್ಟು ಪದ ಎಣಿಸತೊಡಗಿದರು. ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು: ಒಂದು ಪಾಯಿಂಟ್‌ ಗಾತ್ರದ ಬಿಳಿ ಅಕ್ಷರದಲ್ಲಿ ಇನ್ನೂರು ಪದ. ಕಾಗದದ ಮೇಲೆ ಕಾಣದು, ಎಣಿಕೆಗೆ ಸಿಗುತ್ತದೆ. ನಕಲು ಪತ್ತೆಯಾಗದಿರಲೆಂದು ಇಂಗ್ಲಿಷ್‌ ‘ಎ’ ಜಾಗದಲ್ಲಿ ಅದರಂತೆಯೇ ಕಾಣುವ ರಷ್ಯನ್‌ ಲಿಪಿಯ ಅಕ್ಷರ ಕೂರಿಸಿದವರೂ ಇದ್ದಾರೆ. ನಕಲು ಪತ್ತೆಹಚ್ಚುವ ಸಾಫ್ಟ್‌ವೇರ್‌ ಟರ್ನ್‌ಇಟ್‌ಇನ್‌ ಇವೆರಡನ್ನೂ ಗುರುತಿಸಿ ಬಾವುಟ ಎತ್ತುತ್ತದೆ. ಇಷ್ಟು ಶ್ರಮದಲ್ಲಿ ಆ ಇನ್ನೂರು ಪದ ಬರೆದೇಬಿಡಬಹುದಿತ್ತು ಅನ್ನುವವರಿಗೆ ಕಲೆಯ ಬೆಲೆ ಗೊತ್ತಿಲ್ಲ.

ಇನ್ನೊಂದು ಪಂಥ ‘ಫೈಲ್‌ ಕೆಟ್ಟಿದೆ ಸಾರ್‌’ ಎನ್ನುವವರದು. ವರ್ಡ್‌ನ ಡಾಕ್ಸ್‌ ಫೈಲ್‌ ಅಂದರೆ ಅಸಲಿಗೆ ಒಂದು ಜಿಪ್‌ ಪೊಟ್ಟಣ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲಿಗೇ ‘ಪಿಕೆ’ ಎಂಬ ಎರಡಕ್ಷರ ಕಾಣುತ್ತದೆ. ಜಿಪ್‌ ರೂಪಿಸಿದ ಫಿಲ್‌ ಕ್ಯಾಟ್ಜ್‌ನ ಹೆಸರಿನ ಮೊದಲಕ್ಷರಗಳು. ನಡುವಿನ ನಾಲ್ಕು ಸಾಲು ಅಳಿಸಿ ಕಳಿಸಿದರೆ ಎರಡು ದಿನ ಗಿಟ್ಟುತ್ತದೆ ಎಂಬುದು ನಂಬಿಕೆ. ಆದರೆ ಕೆಲವೊಮ್ಮೆ ವರ್ಡ್‌ ‘ರಿಪೇರಿ ಮಾಡಲೇ?’ ಎಂದು ಕೇಳಿ, ಒಳಗಿರುವ ಒಂದೂವರೆ ಪ್ಯಾರಾವನ್ನು ಜೋಪಾನವಾಗಿ ಅಧ್ಯಾಪಕರ ಮುಂದೆ ಹರಡಿಬಿಡುತ್ತದೆ. ಫೋಟೋ ಫೈಲ್‌ಗೇ ಡಾಕ್ಸ್‌ ಎಂದು ಹೆಸರಿಟ್ಟು ಕಳಿಸುವ ಆತುರಗಾರರಿಗೆ, ಆ ‘ಪಿಕೆ’ ಇಲ್ಲದಿರುವುದೇ ಸಾಕ್ಷಿಯಾಗುತ್ತದೆ ಎಂದು ಹೊಳೆದಿರುವುದಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಫೈಲ್‌ ಮೆನುವಿನ ಇನ್‌ಫೋ ಪುಟ. ಅಲ್ಲಿ ‘ಟೋಟಲ್‌ ಎಡಿಟಿಂಗ್‌ ಟೈಮ್‌’ ಎಂಬ ಸಾಲಿದೆ. ಮೂರು ಸಾವಿರ ಪದದ ಪ್ರಬಂಧ, ಒಟ್ಟು ತಿದ್ದಿದ ಸಮಯ 4 ನಿಮಿಷ, ಲೇಖಕರ ಜಾಗದಲ್ಲಿ ಹಿಂದಿನ ಬೆಂಚಿನ ಗೆಳೆಯನ ಹೆಸರು!

ಈ ಎಲ್ಲ ವಿದ್ಯೆಗಳನ್ನೂ 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ ಮೂಲೆಗುಂಪು ಮಾಡಿತು. ಈಗ ಕೆಲಸ 11:20ಕ್ಕೆ ಶುರುವಾದರೆ ಸಾಕು. ಒಂದು ಯಂತ್ರ ಬರೆಯುತ್ತದೆ. ‘ಹ್ಯೂಮನೈಸರ್‌’ ಎಂಬ ಎರಡನೇ ಯಂತ್ರ ಅದನ್ನು ಅಲ್ಲಲ್ಲಿ ಕೆಡಿಸಿ ಮನುಷ್ಯನ ಬರಹ ಮಾಡುತ್ತದೆ. ಮೂರನೇ ಯಂತ್ರ ಎಷ್ಟು ಕೆಟ್ಟಿದೆಯೆಂದು ಅಂಕ ಕೊಡುತ್ತದೆ. ಅಂಕ ಸಾಲದಿದ್ದರೆ ಮತ್ತೆ ಕೆಡಿಸಬೇಕು. ಉಲ್ಲೇಖಗಳೂ ಪುಕ್ಕಟೆ; ಹುಟ್ಟದ ಲೇಖಕರು ಬರೆಯದ ಲೇಖನಗಳು, ಪುಟಸಂಖ್ಯೆ ಸಮೇತ. ನ್ಯೂಯಾರ್ಕ್‌ನ ವಕೀಲರು 2023ರಲ್ಲಿ ಇಂಥದೇ ಇಲ್ಲದ ತೀರ್ಪುಗಳನ್ನು ನ್ಯಾಯಾಧೀಶರ ಮುಂದಿಟ್ಟು 5,000 ಡಾಲರ್‌ ದಂಡ ತೆತ್ತರು. ವಕೀಲರಿಗೇ ಹೊಳೆಯದ್ದು ಎರಡನೇ ಸೆಮಿಸ್ಟರಿನವರಿಗೆ ಹೊಳೆಯಬೇಕೆಂದು ನಾವು ಬಯಸುವುದು ಅನ್ಯಾಯ.

ಇನ್ನು ಡಿಟೆಕ್ಟರ್‌ ಮಹಾಶಯರು. ಇವರ ಕಾರ್ಯವೈಖರಿ ಸರಳ. ಒಂದು ಪದದ ನಂತರ ಯಾವ ಪದ ಬರುತ್ತದೆಂದು ಊಹಿಸುವುದು ಎಷ್ಟು ಸುಲಭ, ವಾಕ್ಯಗಳ ಉದ್ದ ಎಷ್ಟು ಏರಿಳಿಯುತ್ತದೆ ಎಂದು ಅಳೆಯುತ್ತಾರೆ. ಊಹೆ ಸುಲಭವಾಗಿ, ವಾಕ್ಯಗಳು ಒಂದೇ ಅಳತೆಯಲ್ಲಿದ್ದರೆ ಯಂತ್ರ. ಅಡ್ಡಾದಿಡ್ಡಿ ಇದ್ದರೆ ಮನುಷ್ಯ. ಅಂದರೆ ಶಾಲೆಯಲ್ಲಿ ಹತ್ತು ವರ್ಷ ಕಿವಿ ಹಿಂಡಿ ಕಲಿಸಿದ ‘ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ಬರೆ’ ಎಂಬುದೇ ಈಗ ಅಪರಾಧದ ಗುರುತು. ಅಮೆರಿಕದ ಸಂವಿಧಾನವನ್ನು ಇಂಥ ಡಿಟೆಕ್ಟರ್‌ಗೆ ತಿನ್ನಿಸಿದಾಗ ಅದೂ ಎಐ ಬರೆದದ್ದೆಂದು ಬಂತು. ಕಾರಣವಿದೆ: ಆ ಪಠ್ಯ ಎಐಗೆ ಕಲಿಸಿದ ರಾಶಿಯಲ್ಲಿ ಎಷ್ಟೋ ಸಲ ಇರುವುದರಿಂದ ಅದರ ಪ್ರತಿ ಪದವೂ ಊಹೆಗೆ ಸುಲಭ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತವರು ಯಾವ ಆ್ಯಪ್‌ ಬಳಸಿದರೋ ತನಿಖೆಯಾಗಲಿ.

ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐಯೇ ಒಂದು ಡಿಟೆಕ್ಟರ್‌ ಬಿಟ್ಟಿತ್ತು, 2023ರ ಜನವರಿಯಲ್ಲಿ. ಎಐ ಬರೆದದ್ದರಲ್ಲಿ ಅದು ಹಿಡಿದದ್ದು ಶೇ 26 ಮಾತ್ರ. ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐ ಎಂದು ದೂರಿತು. ಜುಲೈನಲ್ಲಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹೆತ್ತವರಿಗೇ ಮಗುವಿನ ಗುರುತು ಹತ್ತಲಿಲ್ಲ. ಕಾಲೇಜುಗಳಿಗೆ ಮಾತ್ರ ಹತ್ತುತ್ತದೆ!

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲೆಡೆ ಇದ್ದಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಪ್ರಬಂಧಗಳನ್ನು ಚಾಟ್‌ಜಿಪಿಟಿಗೇ ಅಂಟಿಸಿ ‘ಇದನ್ನು ಬರೆದದ್ದು ನೀನೇನಾ?’ ಎಂದು ಕೇಳಿದರು. ಯಾರೇನು ಕೇಳಿದರೂ ಹೂಂ ಅನ್ನುವುದು ಅದರ ಸ್ವಭಾವ, ಹೂಂ ಅಂದಿತು. ಪದವಿಯ ಹೊಸ್ತಿಲಲ್ಲಿದ್ದವರ ಅಂಕ ತಡೆಹಿಡಿಯಲಾಯಿತು. ವಿದ್ಯಾರ್ಥಿಗಳಿಗೆ ಕಳಿಸಿದ ಮೇಲ್‌ನಲ್ಲಿ ಅವರು ಅದರ ಹೆಸರನ್ನು ‘ಚಾಟ್‌ ಜಿಟಿಪಿ’ ಎಂದು ಬರೆದಿದ್ದರು. ಆ ಮೇಲ್‌ ಮನುಷ್ಯನದೇ ಎಂಬುದಕ್ಕೆ ಬೇರೆ ಪುರಾವೆ ಬೇಡ.

ನಗು ಇಲ್ಲಿಗೆ ಸಾಕು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್‌ ಎಂಬ ಇಂಗ್ಲಿಷ್‌ ಪರೀಕ್ಷೆಯ 91 ಪ್ರಬಂಧ ಕೊಟ್ಟರು. ಇಂಗ್ಲಿಷ್‌ ಮಾತೃಭಾಷೆ ಅಲ್ಲದವರು ಸ್ವಂತ ಬರೆದವು. ಸರಾಸರಿ ಶೇ 61ಕ್ಕಿಂತ ಹೆಚ್ಚನ್ನು ಎಐ ಎಂದು ತಳ್ಳಿಹಾಕಲಾಯಿತು. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ, ಗೊತ್ತಿರುವ ವಾಕ್ಯರಚನೆಯಲ್ಲೇ, ತಪ್ಪಾಗದಂತೆ ಎಚ್ಚರದಿಂದ ಜೋಡಿಸುತ್ತಾರೆ. ಆ ಎಚ್ಚರವನ್ನೇ ಯಂತ್ರ ‘ಯಂತ್ರ’ ಎನ್ನುತ್ತದೆ. ವಾಂಡರ್‌ಬಿಲ್ಟ್‌ ವಿಶ್ವವಿದ್ಯಾಲಯ ಸಾದಾ ಗುಣಾಕಾರ ಮಾಡಿತು: 2022ರಲ್ಲಿ ತಾವು ಟರ್ನ್‌ಇಟ್‌ಇನ್‌ಗೆ ಕೊಟ್ಟದ್ದು 75,000 ಬರಹ, ಕಂಪನಿ ಹೇಳುವ ಶೇ 1ರಷ್ಟೇ ತಪ್ಪಾದರೂ 750 ಸುಳ್ಳು ಆರೋಪ. 2023ರ ಆಗಸ್ಟ್‌ನಲ್ಲಿ ಎಐ ಪತ್ತೆಯ ಗುಂಡಿಯನ್ನೇ ಆಫ್‌ ಮಾಡಿಬಿಟ್ಟಿತು. ಗುಣಾಕಾರ ಗೊತ್ತಿರುವ ಉಳಿದವರು ಏನು ಮಾಡುತ್ತಿದ್ದಾರೆ? ಸಂಖ್ಯೆಯೊಂದನ್ನು ಮುಂದಿಟ್ಟು, ‘ನೀನೇ ಬರೆದೆ ಎಂದು ಸಾಬೀತು ಮಾಡು’ ಎಂದು ಹತ್ತೊಂಬತ್ತರ ಹುಡುಗಿಯನ್ನು ಕೋಣೆಗೆ ಕರೆಸುತ್ತಿದ್ದಾರೆ. ಆರೋಪ ಮಾಡಿದ ಯಂತ್ರವನ್ನು ಯಾರೂ ಏನೂ ಸಾಬೀತು ಮಾಡೆಂದು ಕೇಳುವುದಿಲ್ಲ. ಇದಕ್ಕೆ ಸೋಮಾರಿತನ ಎನ್ನಬೇಕು. ಕೊನೆಯ ರಾತ್ರಿ ಬರೆಯುವವರಿಗಿಂತ ದೊಡ್ಡ ಸೋಮಾರಿತನ, ಸಂಬಳ ಬರುವ ಸೋಮಾರಿತನ.

ಈಗ ಪುರಾವೆಯಾಗಿ ಗೂಗಲ್‌ ಡಾಕ್ಸ್‌ನ ವರ್ಷನ್‌ ಹಿಸ್ಟರಿ ಕೇಳುತ್ತಾರೆ. ಯಾವಾಗ ಎಷ್ಟು ಬರೆದರು, ಎಲ್ಲಿ ಅಳಿಸಿದರು, ಯಾವುದು ಒಂದೇ ಏಟಿಗೆ ಬಂದು ಬಿತ್ತು ಎಲ್ಲ ಅದರಲ್ಲಿ ಸಿಗುತ್ತದೆ. ಹಾಗಾಗಿ ಯಂತ್ರ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಷರ ಕೈಯಾರೆ ಟೈಪ್‌ ಮಾಡುವ ಲಿಪಿಕಾರರ ಹೊಸ ಪೀಳಿಗೆ ಹುಟ್ಟಿದೆ. ಅದಕ್ಕೂ ಬೇಸರಪಡುವವರಿಗೆ, ನಡುನಡುವೆ ತಪ್ಪು ಮಾಡಿ, ಅಳಿಸಿ, ಯೋಚಿಸುವಂತೆ ನಿಂತು ತಾನೇ ಟೈಪಿಸುವ ಎಕ್ಸ್‌ಟೆನ್ಷನ್‌ಗಳಿವೆ. ಯೋಚಿಸುವಂತೆ ನಟಿಸುವುದಕ್ಕೂ ಸಾಫ್ಟ್‌ವೇರ್‌ ಬಂತು. ಇತ್ತ ಮೂರು ರಾತ್ರಿ ಕಾಗದದ ಮೇಲೆ ಗೀಚಿ, ಕೊನೆಗೆ ನೀಟಾಗಿ ಒಂದೇ ಸಲ ಟೈಪ್‌ ಮಾಡಿದವಳ ಹಿಸ್ಟರಿ ಮಾತ್ರ ಅನುಮಾನಾಸ್ಪದ.

ಅಗ್ಗದ ಡಿಟೆಕ್ಟರ್‌ ಒಂದಿದೆ, ಯಾರೂ ಮಾರುತ್ತಿಲ್ಲ. ಬರೆದವರನ್ನು ಎದುರು ಕೂರಿಸಿ ‘ಎರಡನೇ ಪ್ಯಾರಾದಲ್ಲಿ ಹೀಗೆ ಯಾಕೆ ಹೇಳಿದೆ, ಇದನ್ನು ಎಲ್ಲಿ ಓದಿದೆ, ಒಪ್ಪದವರಿಗೆ ಏನು ಹೇಳುತ್ತೀಯ’ ಎಂದು ಐದು ನಿಮಿಷ ಕೇಳುವುದು. ಬರೆಸಿದವರು ಮೊದಲ ಪ್ರಶ್ನೆಗೇ ಸೀಲಿಂಗ್‌ ನೋಡುತ್ತಾರೆ. ತರಗತಿಯಲ್ಲಿ 120 ಮಂದಿ ಇದ್ದರೆ ಹತ್ತು ಗಂಟೆ ಬೇಕು. ಕೇಳುವವರು ಅದಕ್ಕೆ ಮೊದಲು ಆ ಎರಡನೇ ಪ್ಯಾರಾ ಓದಿರಲೂ ಬೇಕು. ಆ ಹತ್ತು ಗಂಟೆಗೆ ಇನ್ನೊಬ್ಬ ಅಧ್ಯಾಪಕರನ್ನು ನೇಮಿಸಲು ಆಡಳಿತ ಮಂಡಳಿಯ ಬಳಿ ಹಣವಿಲ್ಲ, ಡಿಟೆಕ್ಟರ್‌ನ ವಾರ್ಷಿಕ ಚಂದಾ ಕಟ್ಟಿಯಾಗಿದೆ.